ಪರ್ಸಿನೊಳಗಿನ ಬಸ್ ಟಿಕೆಟ್ಟುಗಳು

ಫೆಬ್ರವರಿ ಮುಗಿಯುತ್ತ ಬಂದರೂ ಹಾಸನದಲ್ಲಿ ಬೆಳಗಿನ ಚಳಿ ಪೂರ್ತಿ ಬಿಟ್ಟಿರುವುದಿಲ್ಲ. ಏಳು ಗಂಟೆಗೆ ಹೊಸ ಬಸ್ ನಿಲ್ದಾಣದೊಳಗೆ ಕಾಲಿಟ್ಟರೆ ಡೀಸೆಲ್ ಹೊಗೆ, ಫಿಲ್ಟರ್ ಕಾಫಿ, ಬುಟ್ಟಿಯಲ್ಲಿ ಇಳಿದ ಸೇವಂತಿಗೆ, ಎಲ್ಲದರ ವಾಸನೆಯೂ ಒಟ್ಟಿಗೇ ಮೂಗಿಗೆ ಬಡಿಯುತ್ತದೆ. 'ಎಚ್.ಎನ್. ಪುರ, ಎಚ್.ಎನ್. ಪುರ' ಎಂದು ಒಬ್ಬ ಕಂಡಕ್ಟರು ಕೂಗುತ್ತಿದ್ದರೆ, ಅತ್ತ ಕಡೆಯಿಂದ 'ಗೊರೂರು, ಅರಕಲಗೂಡು' ಎಂಬ ಇನ್ನೊಂದು ದನಿ. ಅದರಾಚೆಗೆ ಬೆಂಗಳೂರಿನ ಬಸ್ಸು ಎಂಜಿನ್ ಚಾಲೂ ಮಾಡಿಕೊಂಡು ಚನ್ನರಾಯಪಟ್ಟಣದವರನ್ನೂ ಹತ್ತಿಸಿಕೊಳ್ಳುತ್ತಿದೆ. ಸ್ವಲ್ಪ ಹೊತ್ತು ಕಂಬಕ್ಕೆ ಒರಗಿ ನಿಂತು ನೋಡಿ. ಕೆಲಸದ ಮೇಲೆ ಊರೂರು ಸುತ್ತುವವರನ್ನು ಗುರುತು ಹಿಡಿಯುವುದು ಕಷ್ಟವಲ್ಲ. ಹೆಗಲಿಗೆ ಭಾರದ ಚರ್ಮದ ಚೀಲ ಹಾಕಿಕೊಂಡವನು ಔಷಧಿ ಕಂಪನಿಯ ರೆಪ್. ರಟ್ಟಿನ ಫೈಲನ್ನು ಎದೆಗೆ ಅವುಚಿಕೊಂಡು ನಿಂತಾಕೆ ಆರೋಗ್ಯ ಇಲಾಖೆಯವರು. ತರಬೇತಿಗೆ ಹೊರಟ ಮೇಷ್ಟ್ರು, ಸಾಕ್ಷಿ ಹೇಳಲು ಕೋರ್ಟಿಗೆ ಹೊರಟ ಪೊಲೀಸ್ ಪೇದೆ, ಸಾಲದ ಕಂತು ವಸೂಲಿಗೆ ಹೋಗುವ ಹುಡುಗ. ಇವರೆಲ್ಲರೂ ಟಿಕೆಟ್ ಕೈಗೆ ಬಂದ ಕೂಡಲೇ ಅದನ್ನು ಬೆರಳ ನಡುವೆ ಸುರುಳಿ ಸುತ್ತುವುದಿಲ್ಲ, ಕಿಟಕಿಯಿಂದ ಎಸೆಯುವುದಿಲ್ಲ. ಒಮ್ಮೆ ಓದಿ, ಎರಡಾಗಿ ಮಡಿಸಿ, ಪರ್ಸಿನ ಒಳಖಾನೆಗೆ ಸೇರಿಸುತ್ತಾರೆ. ಖರ್ಚಾದ ಹಣವನ್ನು ಕಚೇರಿಯಿಂದ ವಾಪಸು ಪಡೆಯಲು ಅದೇ ಪುರಾವೆ.

ಎಚ್.ಎನ್. ಪುರ, ಅಂದರೆ ಹೊಳೆನರಸೀಪುರದ ಬಸ್ಸು ಹತ್ತೋಣ. ಊರು ದಾಟಿದ ಮೇಲೆ ರಾಗಿ ಕೊಯ್ದ ಹೊಲಗಳು ಬೋಳಾಗಿ ಕಾಣುತ್ತವೆ, ಮನೆಗಳ ಹಿತ್ತಲಲ್ಲಿ ಹುಲ್ಲಿನ ಮೆದೆಗಳು ಎದ್ದು ನಿಂತಿವೆ, ಮಾವು ಹೂ ಬಿಟ್ಟಿದೆ. ಕಂಡಕ್ಟರು ಸೀಟಿಗೆ ಸೊಂಟ ಆನಿಸಿಕೊಂಡು, ಬಸ್ಸಿನ ಕುಲುಕಾಟಕ್ಕೆ ಮೈ ಒಗ್ಗಿಸಿಕೊಂಡು, ಕೈಯಲ್ಲಿನ ಮಿಷನ್ನಿನ ಗುಂಡಿ ಒತ್ತುತ್ತಾರೆ. ಕಿರ್ರೆಂದು ಸದ್ದು ಮಾಡುತ್ತ ಬಿಳಿ ಕಾಗದ ನಾಲಿಗೆ ಚಾಚುತ್ತದೆ. ಎಲ್ಲಿಂದ ಎಲ್ಲಿಗೆ, ಯಾವ ತಾರೀಖು, ಎಷ್ಟು ಗಂಟೆ ಎಷ್ಟು ನಿಮಿಷ, ಎಷ್ಟು ರೂಪಾಯಿ ಎಲ್ಲವೂ ಅದರಲ್ಲಿ ಅಚ್ಚಾಗಿರುತ್ತದೆ. ಚಿಲ್ಲರೆ ಇಲ್ಲದಿದ್ದರೆ ಬಾಕಿ ಎಷ್ಟೆಂದು ಅದರ ಬೆನ್ನಿಗೆ ಪೆನ್ನಿನಲ್ಲಿ ಗೀಚಿಕೊಡುತ್ತಾರೆ. ಇಳಿಯುವಾಗ ಬಾಕಿ ಕೊಟ್ಟ ಗುರುತಿಗೆ ಅದರ ಮೇಲೊಂದು ಅಡ್ಡಗೆರೆ ಬೀಳುತ್ತದೆ. ಅಂಥ ಗೀಚಿದ ಟಿಕೆಟ್ಟನ್ನೇ ಪ್ರಯಾಣ ಭತ್ಯೆಯ (ಟಿ.ಎ.) ಬಿಲ್ಲಿಗೆ ಅಂಟಿಸಿದಾಗ ನನಗೆ ಅದರ ಮೇಲೆ ಹೆಚ್ಚು ನಂಬಿಕೆ. ಆ ಬಸ್ಸಿನಲ್ಲಿ ಆ ಮನುಷ್ಯ ಕೂತಿದ್ದ ಎನ್ನುವುದಕ್ಕೆ ಕಂಡಕ್ಟರ ಕೈಬರಹವೇ ಸಾಕ್ಷಿ.

ಹಿಂದೆ ಟಿಕೆಟ್ ಹೀಗಿರಲಿಲ್ಲ. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರಲ್ಲಿ ಬಸ್ಸು ಓಡಿಸಲು ತೊಡಗಿತು. 1961ರಲ್ಲಿ ಅದು ನಿಗಮವಾಯಿತು. ಆಗಿನಿಂದ ಬಹುಕಾಲ ನಡೆದದ್ದು ಬಣ್ಣಬಣ್ಣದ ತೆಳು ಟಿಕೆಟ್ಟುಗಳ ಕಾಲ. ಕಂಡಕ್ಟರು ಪಂಚಿನಿಂದ ಕಂಬಿಯ ಮೇಲೆ ಟಕಟಕ ಬಡಿದು ಎಚ್ಚರಿಸಿ, ಸ್ಟೇಜಿನ ಅಂಕಿಯ ಮೇಲೆ ತೂತು ಹೊಡೆದು ಕೊಡುತ್ತಿದ್ದರು. ಅದರಲ್ಲಿ ಗಂಟೆ ನಿಮಿಷ ಇರುತ್ತಿರಲಿಲ್ಲ, ಆದರೆ ಅಚ್ಚು ಮಾಸುತ್ತಿರಲಿಲ್ಲ. ವರ್ಷಗಟ್ಟಲೆ ಪುಸ್ತಕದೊಳಗಿಟ್ಟರೂ ಹಾಗೇ ಇರುತ್ತಿತ್ತು.

ಮತ್ತೆ ನಮ್ಮ ಬಸ್ಸಿಗೆ ಬಂದರೆ, ಪಕ್ಕದ ಸೀಟಿನ ಆರೋಗ್ಯ ಇಲಾಖೆಯಾಕೆ ಆಧಾರ್ ತೋರಿಸುತ್ತಾರೆ. 'ಎಲ್ಲಿಗಮ್ಮಾ?' 'ಹೊಳೆನರಸೀಪುರ ಕಣಪ್ಪ.' ಅವರಿಗೂ ಒಂದು ಟಿಕೆಟ್ ಬರುತ್ತದೆ, ದರದ ಜಾಗದಲ್ಲಿ ಸೊನ್ನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಂದಿನಿಂದ ರಾಜ್ಯದ ಹೆಣ್ಣುಮಕ್ಕಳು ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹಣ ಕೊಡಬೇಕಾಗಿಲ್ಲ. ಕೊಡದ ಹಣವನ್ನು ಬಿಲ್ಲಿನಲ್ಲಿ ಕೇಳುವಂತೆಯೂ ಇಲ್ಲ. ಹಾಗಿದ್ದರೂ ಈಕೆ ಆ ಚೀಟಿಯನ್ನು ಜೋಪಾನವಾಗಿ ಫೈಲಿನೊಳಗೆ ಇಡುತ್ತಾರೆ. ಕೇಂದ್ರಸ್ಥಾನ ಬಿಟ್ಟು ಎಷ್ಟು ಗಂಟೆ ಹೊರಗಿದ್ದರು ಎನ್ನುವುದರ ಮೇಲೆ ದಿನಭತ್ಯೆ ನಿಂತಿದೆ. ಹೊರಟ ಗಂಟೆಗೂ ಮರಳಿದ ಗಂಟೆಗೂ ಈ ಸೊನ್ನೆಯ ಟಿಕೆಟ್ಟುಗಳೇ ಆಧಾರ. ಇಂಥ ಟಿಕೆಟ್ಟುಗಳ ಲೆಕ್ಕ ತೋರಿಸಿಯೇ ಸಾರಿಗೆ ನಿಗಮ ತಾನು ಬಿಟ್ಟುಕೊಟ್ಟ ದರವನ್ನು ಸರ್ಕಾರದಿಂದ ಕೇಳಿ ಪಡೆಯುವುದು. ಬೇಡವೆಂದು ಟಿಕೆಟ್ ಬಿಟ್ಟು ಇಳಿಯುವ ಅಕ್ಕಂದಿರಿಗೆ ಇದನ್ನು ಯಾರಾದರೂ ಹೇಳಬೇಕು.

ಅರಕಲಗೂಡಿನ ದಾರಿ ಬೇರೆ ಥರ. ಹೇಮಾವತಿಗೆ ಅಣೆ ಕಟ್ಟಿದ ಗೊರೂರಿನ ಮೇಲೆ ಹಾದು, ತಿರುವುಗಳಲ್ಲಿ ವಾಲಾಡುತ್ತ, ಶುಂಠಿ, ಆಲೂಗಡ್ಡೆ, ಹೊಗೆಸೊಪ್ಪು ಬೆಳೆಯುವ ಸೀಮೆಗೆ ಬಸ್ಸು ಇಳಿಯುತ್ತದೆ. ಹಾಸನದಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೂರು ತಾಲ್ಲೂಕು ಊರುಗಳೂ 30ರಿಂದ 40 ಕಿಲೋಮೀಟರಿನೊಳಗೇ ಇವೆ. ಹೋಗಿ ಬಂದರೆ ಒಂದು ದಿನದ ಕೆಲಸ, ಎರಡು ಟಿಕೆಟ್. ತಿಂಗಳಿಗೆ ಹತ್ತು ಸಲ ಹೋದರೆ ಇಪ್ಪತ್ತು ಚೀಟಿ. ಮಧ್ಯಾಹ್ನ ಬಸ್ಸಿನ ತಗಡು ಕಾದು, ಕಿಟಕಿಯಿಂದ ಬರುವ ಗಾಳಿಯೂ ಬಿಸಿಯಾದಾಗ, ಬೆವೆತ ಅಂಗಿಯ ಜೇಬಿನಲ್ಲಿ ಆ ಚೀಟಿಗಳಿಗೆ ಏನಾಗುತ್ತಿದೆ ಎಂದು ಯೋಚಿಸಿ. ಮಿಷನ್ನಿನ ಒಳಗೆ ಶಾಯಿ ಎಂಬುದೇ ಇಲ್ಲ. ಕಾಗದಕ್ಕೇ ಬಣ್ಣವಿಲ್ಲದ ರಾಸಾಯನಿಕದ ಲೇಪ ಬಳಿದಿರುತ್ತಾರೆ, ಶಾಖ ತಾಗಿದ ಕಡೆ ಅದು ಕಪ್ಪಾಗಿ ಅಕ್ಷರ ಮೂಡುತ್ತದೆ. ಬಿಸಿಲು, ಬೆವರು, ಕೈಯ ಎಣ್ಣೆ, ಸ್ಯಾನಿಟೈಸರು, ಪ್ಲಾಸ್ಟಿಕ್ ಕವರು ಇವೆಲ್ಲ ಆ ಅಕ್ಷರಗಳ ಹಗೆಗಳು. ಕಾಪಾಡಲೆಂದು ಲ್ಯಾಮಿನೇಷನ್‌ಗೆ ಕೊಟ್ಟರಂತೂ ಇಡೀ ಚೀಟಿ ಕರ್ರಗಾಗಿ ಹೊರಬರುತ್ತದೆ. ಅನುಭವಸ್ಥರು ಅದೇ ಸಂಜೆ ಮೊಬೈಲಿನಲ್ಲಿ ಫೋಟೋ ತೆಗೆದು, ಬಿಳಿ ಹಾಳೆಗೆ ಸಾಲಾಗಿ ಜೋಡಿಸಿ ಜೆರಾಕ್ಸ್ ಮಾಡಿಸಿಕೊಳ್ಳುತ್ತಾರೆ. ಅಂಟಿಸುವಾಗ ಅಕ್ಷರದ ಮೇಲೆ ಟೇಪು ಹಾಯದಂತೆ ತುದಿಗೆ ಮಾತ್ರ ಗೋಂದು ಹಚ್ಚುತ್ತಾರೆ.

ಈಗೀಗ ಕಂಡಕ್ಟರು ಮಿಷನ್ನಿನಲ್ಲೇ ಕ್ಯೂಆರ್ ಕೋಡ್ ತೋರಿಸಿದರೆ ಫೋನಿನಿಂದ ಹಣ ಕೊಡಬಹುದು. ಚಿಲ್ಲರೆಯ ಜಗಳ ಕಡಿಮೆಯಾಯಿತು, ಒಳ್ಳೆಯದೇ. ಹಣ ಹೋದದ್ದು ಬ್ಯಾಂಕಿನ ಪಟ್ಟಿಯಲ್ಲಿ ಕಾಣುತ್ತದೆ. ಯಾವ ಊರಿನಿಂದ ಯಾವ ಊರಿಗೆ ಎನ್ನುವುದು ಮಾತ್ರ ಅದರಲ್ಲಿ ಬರುವುದಿಲ್ಲ. ಕಚೇರಿಗೆ ಬೇಕಾದದ್ದು ಅದೇ.

ಚನ್ನರಾಯಪಟ್ಟಣದಲ್ಲಿ ಇಳಿಯುವ ಹೊತ್ತಿಗೆ ತೆಂಗಿನ ತೋಟಗಳ ನೆರಳು ಉದ್ದವಾಗಿರುತ್ತದೆ. ಹೆದ್ದಾರಿಯ ಊರು, ಬೆಂಗಳೂರು, ಮಂಗಳೂರು ಎರಡೂ ಕಡೆಯ ಬಸ್ಸುಗಳು ಬಂದು ತಂಗಿ ಹೋಗುತ್ತವೆ. ಇಲ್ಲಿಂದ ರಾಜಧಾನಿಯ ಮೀಟಿಂಗಿಗೆ ಹೋಗಿ ಬರುವವರು ತುಮಕೂರು ರಸ್ತೆಯಲ್ಲೇ ಇಳಿದು ಮೆಟ್ರೋ ಹಿಡಿಯುತ್ತಾರೆ. 2024ರ ನವೆಂಬರಿನಲ್ಲಿ ಹಸಿರು ಮಾರ್ಗ ಮಾದಾವರದವರೆಗೆ ಬಂದ ಮೇಲೆ ಇದು ಇನ್ನೂ ಸಲೀಸಾಗಿದೆ. ಮೆಟ್ರೋ ಕಾರ್ಡನ್ನು ಗೇಟಿಗೆ ತಾಗಿಸಿ ಒಳಗೆ ಹೋಗುವುದು, ತಾಗಿಸಿ ಹೊರಗೆ ಬರುವುದು, ಕೈಗೆ ಚೀಟಿಯೇ ಇಲ್ಲ. ತಿಂಗಳ ಕೊನೆಗೆ ಹಲವರು ಕಾರ್ಡಿಗೆ 500 ರೂಪಾಯಿ ತುಂಬಿಸಿದ ರಸೀದಿಯನ್ನೇ ಬಿಲ್ಲಿಗೆ ಲಗತ್ತಿಸಿ ಆಕ್ಷೇಪಣೆ ಹಾಕಿಸಿಕೊಳ್ಳುತ್ತಾರೆ. ತುಂಬಿಸಿದ ಹಣದಲ್ಲಿ ಕಚೇರಿ ಕೆಲಸಕ್ಕೆ ಓಡಾಡಿದ್ದೆಷ್ಟು, ಮಗಳ ಮನೆಗೆ ಹೋಗಿ ಬಂದದ್ದೆಷ್ಟು ಎಂದು ಆ ರಸೀದಿ ಹೇಳಲಾರದು. ಆಡಿಟ್‌ನವರು ಕೇಳುವುದು ತಪ್ಪೂ ಅಲ್ಲ. ಕೆಲಸದ ಓಡಾಟಕ್ಕೆ ವಾಟ್ಸ್ಆ್ಯಪ್ ಮೂಲಕ ಕ್ಯೂಆರ್ ಟಿಕೆಟ್ ಪಡೆಯುವುದು ಮೇಲು. 2022ರ ನವೆಂಬರಿನಿಂದ ಆ ಅನುಕೂಲ ಇದೆ, ಪ್ರತಿ ಪ್ರಯಾಣಕ್ಕೂ ಬೇರೆ ಟಿಕೆಟ್, ಅದು ಫೋನಿನಲ್ಲೇ ಉಳಿಯುತ್ತದೆ.

ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಸಂಜೆ ಜನ ತುಂಬಿರುತ್ತಾರೆ. ಮಿಷನ್ನಿನ ಬಿಸಿ ಕಾಗದದ ವಾಸನೆ, ಗೋಂದಿನ ಡಬ್ಬಿ, ಮೇಜಿನ ಮೇಲೆ ಹರಡಿದ ಚೀಟಿಗಳು. ಟಿ.ಎ. ಬಿಲ್ಲಿನ ನಮೂನೆಯಲ್ಲಿ ಹೊರಟ ಸ್ಥಳ, ಹೊರಟ ಗಂಟೆ, ತಲುಪಿದ ಸ್ಥಳ, ತಲುಪಿದ ಗಂಟೆ, ವಾಹನ, ದೂರ, ಉದ್ದೇಶ ಎಂದು ಕಾಲಂಗಳು. ಅವನ್ನು, ಯಾರು ಯಾವಾಗ ಎಲ್ಲಿಗೆ ಹೋದರೆಂದು ಕಚೇರಿಯಲ್ಲಿ ಬರೆದಿಡುವ ಚಲನವಲನ ವಹಿಯ ನಮೂದಿಗೆ ಹೊಂದಿಸಿಕೊಂಡು ಮೇಷ್ಟ್ರೊಬ್ಬರು ತುಂಬುತ್ತಿದ್ದಾರೆ. ದರ ಹೊಂದಿಸುವುದರಲ್ಲೂ ತೊಡಕಿದೆ: 2025ರ ಜನವರಿ 5ರಿಂದ ಬಸ್ ದರ ಶೇಕಡಾ 15ರಷ್ಟು ಏರಿತು, ಹಳೆಯ ದರಪಟ್ಟಿ ಮುಂದಿಟ್ಟುಕೊಂಡ ಗುಮಾಸ್ತರ ಕಣ್ಣಿಗೆ ಸರಿಯಾದ ಟಿಕೆಟ್ಟೇ ಹೆಚ್ಚು ಹಣ ಕೇಳಿದಂತೆ ಕಾಣುತ್ತದೆ.

ಸರ್ಕಾರಿ ಬಿಲ್ಲಾದರೆ ಬಟವಾಡೆ ಅಧಿಕಾರಿಯ ರುಜುವಾಗಿ ಖಜಾನೆಗೆ ಹೋಗಬೇಕು. ಮಾರ್ಚ್ 31ಕ್ಕೆ ವರ್ಷದ ಅನುದಾನ ಮುಗಿಯುತ್ತದೆ, ಅಷ್ಟರೊಳಗೆ ಪಾಸಾಗದ ಬಿಲ್ಲು ಮುಂದಿನ ವರ್ಷದ ಅನುದಾನಕ್ಕೆ ಕಾಯಬೇಕು. ಇವು ದೊಡ್ಡ ಮೊತ್ತಗಳಲ್ಲ. ಆದರೆ ಕಡಿಮೆ ಸಂಬಳದವರು ತಮ್ಮ ಜೇಬಿನಿಂದ ಮೊದಲೇ ಖರ್ಚು ಮಾಡಿ, ಕಚೇರಿಗೆ ಕೊಟ್ಟ ಸಾಲ ಅದು. ಟಿಕೆಟ್ ಕೊಡುವ ಮಿಷನ್ನಿನಿಂದಲೇ ಪ್ರಯಾಣಿಕರ ಫೋನಿಗೆ ಅದರ ಪ್ರತಿ ಹೋಗುವಂತಾದರೆ ಇಷ್ಟೂ ಗೋಂದು, ಜೆರಾಕ್ಸು ಉಳಿಯುತ್ತದೆ. ಅಲ್ಲಿಯವರೆಗೆ ಮೇಲಧಿಕಾರಿಗಳು ಅಕ್ಷರ ಮಾಸಿದ ಚೀಟಿಯನ್ನು ವಾಪಸು ಎಸೆಯುವ ಮೊದಲು ಚಲನವಲನ ವಹಿಯನ್ನೊಮ್ಮೆ ತೆರೆದು ನೋಡಲಿ, ಬಿಲ್ಲನ್ನು ಆಯಾ ತಿಂಗಳೇ ಕಳಿಸಲಿ. ಮೇಷ್ಟ್ರು ಈಗ ಅಂಟಿಸುತ್ತಿರುವ ಟಿಕೆಟ್ಟುಗಳು ನವೆಂಬರಿನವು.