ಚರ್ಮದ ಸೀಟಿಗೂ ಹದವಿದೆ

ಕಾಫಿ ಕೊಯ್ಲು ಮುಗಿದು, ಅಡಿಕೆ ಸುಲಿದು, ಕೈಗೆ ನಾಲ್ಕು ಕಾಸು ಬಂದ ಮೇಲೆ ನಮ್ಮ ಸದಸ್ಯರಲ್ಲಿ ಅನೇಕರು ಬೆಂಗಳೂರಿಗೆ ಹೋಗಿಬರುವುದುಂಟು. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ಮಲೆನಾಡಿನ ಎಷ್ಟೋ ಮನೆಗಳ ಮಕ್ಕಳು ನೆಲೆಸಿದ್ದಾರೆ. ಮಗನೋ ಅಳಿಯನೋ ಹೊಸ ಕಾರು ಕೊಂಡಾಗ ಹಳೆಯದು ತೋಟಕ್ಕೆ ಬರುತ್ತದೆ. ಹೀಗೆ ಬರುವ ಕೆಲವು ಕಾರುಗಳಲ್ಲಿ ಚರ್ಮದ ಸೀಟುಗಳಿರುತ್ತವೆ. ಅವನ್ನು ನೋಡಿಕೊಳ್ಳುವ ಬಗೆಯನ್ನು ಇಲ್ಲಿ ತಿಳಿಸುತ್ತಿದ್ದೇವೆ.

ನಮ್ಮ ಮನೆಗೂ ಇಂಥದೊಂದು ಕಾರು ಬಂತು. ಬನಶಂಕರಿಯ ಬೀದಿಯಲ್ಲಿ ನಾಲ್ಕು ಬೇಸಿಗೆ ನಿಂತ ಕಾರು. ಸೀಟು ಒಣಗಿದೆಯೆಂದು ಕೊಬ್ಬರಿ ಎಣ್ಣೆ ಸವರಿದೆವು. ಎರಡು ದಿನ ಫಳಫಳ ಹೊಳೆಯಿತು. ಆಮೇಲೆ ಧೂಳು ಅಂಟಿತು, ಪಂಚೆಗೆ ಜಿಡ್ಡು ಹತ್ತಿತು, ಆಷಾಢದಲ್ಲಿ ಬೂಷ್ಟು ಹಿಡಿಯಿತು. ಹೊಲಿಗೆಯ ಸಾಲಿನಲ್ಲಿ ಬಣ್ಣವೇ ಎದ್ದುಬಂತು. ಹೊದಿಕೆ ಬದಲಿಸಲು ಜೆ.ಸಿ. ರಸ್ತೆಯಲ್ಲಿ ಬೆಲೆ ವಿಚಾರಿಸಿದ ಮೇಲೆಯೇ ನಾವು ಈ ವಿಷಯವನ್ನು ಸರಿಯಾಗಿ ತಿಳಿಯಲು ಹೊರಟದ್ದು!

ಸವೆಯುವುದು ಯಾವುದು?

ಹಸಿ ತೊಗಲು ಕೊಳೆಯದಂತೆ ಮಾಡುವುದನ್ನೇ ಹದ ಮಾಡುವುದು ಎನ್ನುತ್ತಾರೆ. ಹಿಂದೆ ತಂಗಡಿ ತೊಗಟೆ, ಅಳಲೆಕಾಯಿಗಳ ಒಗರಿನಿಂದ ಹದ ಮಾಡುತ್ತಿದ್ದರು. ನಮ್ಮ ಅಡಿಕೆಯ ಚೊಗರಿನಲ್ಲಿರುವುದೂ ಅದೇ ಜಾತಿಯ ಒಗರು. ಇಂದು ಕಾರಿನ ಚರ್ಮವನ್ನು ಹೆಚ್ಚಾಗಿ ಕ್ರೋಮಿಯಂ ಲವಣದಿಂದ ಹದ ಮಾಡಿ, ನಾರುಗಳಿಗೆ ಎಣ್ಣೆಯ ಅಂಶ ಕೂಡಿಸಿ, ಮೇಲೆ ಬಣ್ಣವನ್ನೂ ತೆಳುವಾದ ರಕ್ಷಣಾ ಲೇಪವನ್ನೂ ಕೊಡುತ್ತಾರೆ. ನಮ್ಮ ಮೈ ತಾಗುವುದು ಈ ಲೇಪಕ್ಕೆ. ಮೊದಲು ಸವೆಯುವುದೂ ಇದೇ. ಬಟ್ಟೆಗೂ ಸೀಟಿಗೂ ನಡುವೆ ಸಿಕ್ಕಿದ ಮಣ್ಣಿನ ಕಣ ಮರಳು ಕಾಗದದಂತೆ ಉಜ್ಜುತ್ತದೆ. ಬೆವರು ಮತ್ತು ತಲೆಗೆ ಹಚ್ಚಿದ ಎಣ್ಣೆ ಲೇಪವನ್ನು ಮೆದುವಾಗಿಸುತ್ತವೆ. ಲೇಪ ಒಮ್ಮೆ ಬಿರಿದರೆ ಯಾವ ಎಣ್ಣೆಯೂ ಅದನ್ನು ಕೂಡಿಸಲಾರದು. ಆದ್ದರಿಂದ ಎಣ್ಣೆಗಿಂತ ಶುಚಿಯೇ ಮುಖ್ಯ.

ಚರ್ಮವೋ, ರೆಕ್ಸಿನೋ?

ಮೊದಲು ಇದನ್ನು ತಿಳಿಯಬೇಕು. ಸೀಟಿನ ಅಡಿಯಲ್ಲಿ ಹೊದಿಕೆಯ ಅಂಚನ್ನು ನೋಡಿ. ಹಿಂಬದಿಯಲ್ಲಿ ನೆಯ್ದ ಬಟ್ಟೆ ಕಂಡರೆ ರೆಕ್ಸಿನ್ ಜಾತಿಯದು. ಒರಟು ನಾರು ಕಂಡರೆ ಚರ್ಮ. ಎಷ್ಟೋ ಕಾರುಗಳಲ್ಲಿ ಕೂರುವ ಜಾಗ ಮಾತ್ರ ಚರ್ಮ, ಪಕ್ಕ ಮತ್ತು ಬೆನ್ನು ರೆಕ್ಸಿನ್. ರೆಕ್ಸಿನ್‌ಗೆ ಶುಚಿ ಮಾಡುವುದಷ್ಟೇ ಸಾಕು, ಕಂಡೀಷನರ್ ಖರ್ಚು ಬೇಡ. ಚರ್ಮವಾದರೆ ಕಾಣದ ಮೂಲೆಯಲ್ಲಿ ಒಂದು ಹನಿ ನೀರು ಬಿಡಿ. ಹನಿ ಹಾಗೇ ನಿಂತರೆ ಲೇಪವಿದೆ. ಹೀರಿಕೊಂಡು ಕಪ್ಪಾದರೆ ಲೇಪವಿಲ್ಲ ಅಥವಾ ಸವೆದಿದೆ. ಅಲ್ಲಿ ನೀರು ಬಹಳ ಮಿತವಾಗಿರಲಿ.

ಶುಚಿ ಮಾಡುವ ಕ್ರಮ

1. ಮೆದು ಬ್ರಷ್ಷಿನಿಂದಲೋ ವ್ಯಾಕ್ಯೂಮ್ ಯಂತ್ರದಿಂದಲೋ ಒಣ ಧೂಳು ತೆಗೆಯಿರಿ. ಹೊಲಿಗೆಯ ಸಂದು ಬಿಡಬೇಡಿ. ಧೂಳಿರುವಾಗಲೇ ಒದ್ದೆ ಬಟ್ಟೆ ಹಾಕಿದರೆ ಗೀರು ಬೀಳುತ್ತದೆ.

2. ಚರ್ಮಕ್ಕೆಂದೇ ಮಾರುವ ಸೌಮ್ಯ ದ್ರಾವಣವನ್ನು ಬಟ್ಟೆಗೆ ಹಾಕಿ, ಸೀಟಿನ ಮೇಲೆ ಸುರಿಯಬೇಡಿ. ಸೀಟಿನೊಳಗೆ ತಂತಿಗಳಿರುತ್ತವೆ. ಒಂದು ಸಲಕ್ಕೆ ಒಂದಡಿ ಜಾಗ ಮಾತ್ರ ಹಗುರಾಗಿ ಒರೆಸಿ. ಬಟ್ಟೆ ಒಗೆಯುವ ಸೋಪು ಬೇಡ. ಚರ್ಮದ ಸ್ವಭಾವ ಸ್ವಲ್ಪ ಆಮ್ಲೀಯ, ಸೋಪು ಕ್ಷಾರ, ಎರಡಕ್ಕೂ ಹೊಂದುವುದಿಲ್ಲ.

3. ಚೆನ್ನಾಗಿ ಹಿಂಡಿದ ಬೇರೊಂದು ಬಟ್ಟೆಯಿಂದ ದ್ರಾವಣ ಉಳಿಯದಂತೆ ತೆಗೆದು, ಒಣ ಬಟ್ಟೆಯಿಂದ ಒರೆಸಿ, ಬಾಗಿಲು ತೆರೆದು ನೆರಳಿನಲ್ಲಿ ಆರಲು ಬಿಡಿ.

ವಾರಕ್ಕೊಮ್ಮೆ ಧೂಳು ತೆಗೆದು, ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಹೀಗೆ ಒರೆಸಿದರೆ ಸಾಕು. ಚೊಗರು, ಎಲೆಯಡಿಕೆ, ಕಾಫಿ ಬಿದ್ದರೆ ಆಗಲೇ ಒತ್ತಿ ತೆಗೆಯಿರಿ. ಕಬ್ಬಿಣದ ನಾರಿನಿಂದ ಮಾತ್ರ ಉಜ್ಜಬೇಡಿ. ಲೇಪಕ್ಕೆ ಗೀರು ಬೀಳುವುದಲ್ಲದೆ, ಚೊಗರಿಗೆ ಕಬ್ಬಿಣ ತಾಗಿ ಕಲೆ ಇನ್ನಷ್ಟು ಕಪ್ಪಾಗುತ್ತದೆ.

ಕಂಡೀಷನರ್ ಎಷ್ಟು?

ವರ್ಷಕ್ಕೆ ಎರಡು ಮೂರು ಸಲ ಸಾಕು, ಅದೂ ಶುಚಿ ಮಾಡಿದ ಮೇಲೆ. ತೆಳುವಾಗಿ ಸವರಿ, ಕಾಲು ಗಂಟೆ ಬಿಟ್ಟು, ಉಳಿದದ್ದನ್ನು ಒರೆಸಿ ತೆಗೆಯಿರಿ. ಲೇಪವಿರುವ ಚರ್ಮದೊಳಗೆ ಅದು ಇಳಿಯುವುದು ಕಡಿಮೆ. ಮೇಲ್ಮೈಯ ಉಜ್ಜಾಟ ತಗ್ಗಿಸುವುದೇ ಅದರ ದೊಡ್ಡ ಉಪಕಾರ. ಅಡುಗೆ ಎಣ್ಣೆ ಕಮಟು ನಾರುತ್ತದೆ. ಬೂಟಿನ ಪಾಲಿಶ್ ಬಿಳಿ ಪಂಚೆಗೆ ಹತ್ತುತ್ತದೆ. ಪೆಟ್ರೋಲ್, ಥಿನ್ನರ್, ಸ್ಪಿರಿಟ್ಟುಗಳು ಬಣ್ಣವನ್ನೇ ಕರಗಿಸುತ್ತವೆ.

ಬಿಸಿಲು ಮತ್ತು ಮಳೆ

ಕಾಫಿ ಬೀಜದಂತೆ ಚರ್ಮವೂ ಗಾಳಿಯಿಂದ ತೇವ ಹೀರುತ್ತದೆ, ಬಿಡುತ್ತದೆ. ಕಾಫಿಯನ್ನು ಶೇ. 10ರಿಂದ 12ರ ತೇವಕ್ಕೆ ಒಣಗಿಸುವ ನಮಗೆ ಇದು ಹೊಸ ಪಾಠವಲ್ಲ: ಹೆಚ್ಚು ಒಣಗಿದರೆ ಒಡೆಯುತ್ತದೆ, ಹಸಿಯಿದ್ದರೆ ಬೂಷ್ಟು ಬರುತ್ತದೆ.

ಬೆಂಗಳೂರಿನಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಣ ಬಿಸಿಲು. ಬಿಸಿಲಿಗೆ ನಿಂತ ಕಾರಿನೊಳಗೆ ಒಂದು ಗಂಟೆಯಲ್ಲೇ ಹೊರಗಿಗಿಂತ 20 ಡಿಗ್ರಿಗೂ ಹೆಚ್ಚು ಬಿಸಿ ಏರಬಹುದು. ನೆರಳಲ್ಲಿ ನಿಲ್ಲಿಸಿ, ಅಷ್ಟಾಗದಿದ್ದರೆ ಗಾಜಿಗೆ ಪರದೆಯಾದರೂ ಕಟ್ಟಿ. ಮಕ್ಕಳಿಗೂ ಈ ಮಾತು ಹೇಳಿ. ನಾಳೆ ತೋಟಕ್ಕೆ ಬರುವುದು ಅದೇ ಸೀಟು.

ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಷ್ಟ ಇದರ ತಿರುವು. ಒದ್ದೆ ಛತ್ರಿ, ಮಳೆಕೋಟು, ಗೋಣಿ ಒಳಗಿಟ್ಟು ಬಾಗಿಲು ಹಾಕಬೇಡಿ. ಸೀಟಿಗೆ ಪ್ಲಾಸ್ಟಿಕ್ ಹೊದಿಸಿದರೆ ತೇವ ಒಳಗೇ ಉಳಿಯುತ್ತದೆ. ವಾರಕ್ಕೊಮ್ಮೆ ಕಾರು ಓಡಿಸಿ ಏ.ಸಿ. ಹಾಕಿದರೆ ಒಳಗಿನ ತೇವ ಕಡಿಮೆಯಾಗುತ್ತದೆ. ಬೂಷ್ಟು ಕಂಡರೆ ಬಾಗಿಲುಗಳನ್ನೆಲ್ಲ ತೆರೆದು, ಮೂಗಿಗೆ ಬಟ್ಟೆ ಕಟ್ಟಿ, ಹಿಂಡಿದ ಬಟ್ಟೆಯಿಂದ ಒರೆಸಿ ಪೂರ್ತಿ ಆರಿಸಿ.

ಕೊನೆಗೆ ಎರಡು ಮಾತು. ಚಾಲಕನ ಸೀಟಿನ ಬಲ ಅಂಚು ಎಲ್ಲಕ್ಕಿಂತ ಮೊದಲು ಸವೆಯುತ್ತದೆ, ಏಕೆಂದರೆ ಹತ್ತಿ ಇಳಿಯುವಾಗ ಅದರ ಮೇಲೆ ಜಾರುತ್ತೇವೆ. ಸೊಂಟದ ಕತ್ತಿ, ಬೀಗದ ಕೈ ತೆಗೆದಿಟ್ಟು, ಅಂಚಿನ ಮೇಲೆ ಜಾರದೆ ಮೈ ಎತ್ತಿ ಕೂರುವುದನ್ನು ರೂಢಿಸಿಕೊಳ್ಳಿ. ಮತ್ತೆ, ಸವೆದದ್ದನ್ನು ಮುಚ್ಚಲು ಕವರ್ ಹಾಕಿಸುವವರು ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದೆಯೇ ಎಂದು ಮೊದಲು ನೋಡಿ. ಬಿಗಿ ಕವರ್ ಅಪಘಾತದ ಹೊತ್ತಿನಲ್ಲಿ ಅದನ್ನು ಬಿಚ್ಚಿಕೊಳ್ಳಲು ಬಿಡದಿರಬಹುದು. ಸೀಟು ಉಳಿಸಲು ಹೋಗಿ ಜೀವಕ್ಕೆ ಕುತ್ತು ತಂದುಕೊಳ್ಳಬಾರದು.