ಬೆಕ್ಕಿನ ಬಟ್ಟಲಲ್ಲಿ ಮೂಳೆಯ ಲೆಕ್ಕ

ಬೆಂಗಳೂರಿನ ಪೀಣ್ಯದ ಶೆಡ್ಡಿನ ಬೆಕ್ಕು ಲೇತ್ ಮೆಷಿನ್ನುಗಳ ಸಂದಿಯಲ್ಲಿ, ಗೋಡೌನಿನ ರಟ್ಟಿನ ಪೆಟ್ಟಿಗೆಗಳ ನಡುವೆ ಇಲಿ ಹಿಡಿದು ತಿನ್ನುತ್ತದೆ. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟ್ ಬೆಕ್ಕು ಬಾಲ್ಕನಿಗೆ ಕಟ್ಟಿದ ಬಲೆಯ ಹಿಂದೆ ಕೂತು ಪಾರಿವಾಳ ನೋಡುತ್ತದೆ. ಅದರ ಬಟ್ಟಲಿಗೆ ಆ್ಯಪ್‌ನಲ್ಲಿ ತರಿಸಿದ ಬೋನ್‌ಲೆಸ್ ಚಿಕನ್ ಬೀಳುತ್ತದೆ. ಪೀಣ್ಯದ ಬೆಕ್ಕಿಗೆ ಲಾರಿ, ನಾಯಿ, ರೋಗಗಳ ಭಯ ಹೆಚ್ಚು. ವೈಟ್‌ಫೀಲ್ಡಿನದಕ್ಕೆ ಲಸಿಕೆ, ಮೆತ್ತನೆ ಹಾಸಿಗೆ, ವೈದ್ಯರ ಆರೈಕೆ ಎಲ್ಲವೂ ಇದೆ. ಆದರೆ ಊಟವೊಂದನ್ನೇ ಪಕ್ಕಪಕ್ಕ ಇಟ್ಟು ನೋಡಿದರೆ, ಶೆಡ್ಡಿನ ಇಲಿ ಪೂರ್ಣ ಆಹಾರ. ಬೋನ್‌ಲೆಸ್ ಚಿಕನ್ ಅರ್ಧ ಆಹಾರ.

ಐಟಿ ಕಾರಿಡಾರಿನಲ್ಲಿ ಬೆಕ್ಕು ಸಾಕುವವರು ಹೆಚ್ಚಿದಂತೆ ಹಸಿ ಮಾಂಸದ ಊಟಕ್ಕೂ ಒಲವು ಹೆಚ್ಚಿದೆ. 'ಪ್ಯಾಕೆಟ್ ಆಹಾರ ಕೃತಕ, ಹಸಿ ಮಾಂಸವೇ ಸಹಜ' ಎಂಬುದು ವಾದ. ಬೆಕ್ಕಿಗೆ ಮಾಂಸವೇ ಬೇಕು ಎನ್ನುವಷ್ಟು ನಿಜ. ಬರೀ ಮಾಂಸ ಸಾಕು ಎನ್ನುವುದು ಮಾತ್ರ ಅಪಾಯದ ಮಾತು. ಅದು ಯಾಕೆ ಎಂದು ತಿಳಿಯಲು ಬೆಕ್ಕಿನ ದೇಹದೊಳಗೇ ಇಳಿಯಬೇಕು.

ಬೇಟೆಗೆಂದೇ ಆದ ದೇಹ

ಬೆಕ್ಕು ಆಕಳಿಸುವಾಗ ಬಾಯೊಳಗೆ ನೋಡಿ. ನಮ್ಮ ದವಡೆಯಲ್ಲಿರುವಂತೆ ಅರೆಯುವ ಚಪ್ಪಟೆ ಹಲ್ಲು ಅಲ್ಲಿಲ್ಲ. ಇರುವ 30 ಹಲ್ಲುಗಳಲ್ಲಿ ಕೆನ್ನೆಯ ಬದಿಯವು ಕತ್ತರಿಯ ಅಲಗಿನಂತೆ ಒಂದರ ಪಕ್ಕ ಒಂದು ಜಾರುತ್ತವೆ. ಬೆಕ್ಕಿನ ದವಡೆ ಅಕ್ಕಪಕ್ಕ ಆಡುವುದೂ ಇಲ್ಲ. ಅದು ಅಗಿಯುವುದಿಲ್ಲ, ತುಂಡು ಮಾಡಿ ನುಂಗುತ್ತದೆ. ಜೊಲ್ಲಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವವಿಲ್ಲ. ಸಿಹಿಯ ರುಚಿಯೂ ಗೊತ್ತಿಲ್ಲ: ಸಿಹಿಯನ್ನು ಗುರುತಿಸುವ ಜೀನ್ ಬೆಕ್ಕಿನಲ್ಲಿ ಕೆಟ್ಟುಹೋಗಿದೆ ಎಂಬುದನ್ನು ಅಮೆರಿಕದ ಫಿಲಡೆಲ್ಫಿಯಾದ ಮೊನೆಲ್ ಸಂಶೋಧನಾ ಕೇಂದ್ರದವರು 2005ರಲ್ಲಿ ತೋರಿಸಿದರು.

ಯಜಮಾನನ ನೆರವಿಲ್ಲದೆ ಬದುಕುವ ಬೆಕ್ಕುಗಳ ಊಟವನ್ನು ಲೆಕ್ಕ ಹಾಕಿದವರಿದ್ದಾರೆ. ಅವುಗಳ ಶಕ್ತಿಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಪ್ರೋಟೀನಿನಿಂದ, ಉಳಿದದ್ದರ ಬಹುಪಾಲು ಕೊಬ್ಬಿನಿಂದ ಬರುತ್ತದೆ. ಪಿಷ್ಟ, ಸಕ್ಕರೆಗಳ ಪಾಲು ಶೇ 2ರಷ್ಟು ಮಾತ್ರ. ಒಂದು ಸಣ್ಣ ಇಲಿ ಎಂದರೆ ಸುಮಾರು 30 ಕಿಲೊಕ್ಯಾಲರಿ. ನಾಲ್ಕು ಕಿಲೊ ತೂಕದ ಬೆಕ್ಕಿಗೆ ದಿನಕ್ಕೆ 200ರಿಂದ 250 ಕಿಲೊಕ್ಯಾಲರಿ ಬೇಕು, ಅಂದರೆ ಏಳೆಂಟು ಇಲಿ. ಹೀಗಾಗಿಯೇ ಬೆಕ್ಕು ಒಂದೇ ಸಲ ಹೊಟ್ಟೆ ತುಂಬ ತಿನ್ನದೆ ದಿನವಿಡೀ ಸ್ವಲ್ಪಸ್ವಲ್ಪ ತಿನ್ನುತ್ತದೆ.

ವಿದೇಶಗಳಲ್ಲಿ ಇದೇ ಬಗೆಯ ಇನ್ನೊಂದು ಸಾಕುಪ್ರಾಣಿ ಇದೆ, ಫೆರೆಟ್. ನಮ್ಮ ತುಂಗಭದ್ರೆಯ ನೀರುನಾಯಿಯ ಕುಟುಂಬಕ್ಕೇ ಸೇರಿದ, ಉದ್ದ ಮೈಯ ಪುಟ್ಟ ಪ್ರಾಣಿ ಅದು. ಯುರೋಪಿನಲ್ಲಿ ಮೊಲದ ಬಿಲಕ್ಕೆ ನುಗ್ಗಿಸಲು ಅದನ್ನು ಸಾಕುತ್ತಿದ್ದರು. ಅದರ ಕರುಳು ಎಷ್ಟು ಗಿಡ್ಡವೆಂದರೆ ತಿಂದದ್ದು ಮೂರು ನಾಲ್ಕು ಗಂಟೆಯಲ್ಲಿ ಹೊರಗೆ ಹೋಗುತ್ತದೆ. 'ಶೇ 80 ಮಾಂಸ, ಶೇ 10 ಮೂಳೆ, ಶೇ 10 ಒಳಾಂಗ' ಎಂಬ ಹಸಿ ಮಾಂಸದ ಸೂತ್ರವನ್ನು ಬೆಕ್ಕು, ನಾಯಿ, ಫೆರೆಟ್ ಮೂರಕ್ಕೂ ಹೇಳುವವರಿದ್ದಾರೆ. ನಮ್ಮಲ್ಲಿ ಬೆಕ್ಕು ಸಾಕುವವರು ವಿಡಿಯೊಗಳಲ್ಲಿ ನೋಡಿ ಕಲಿಯುವುದೂ ಇದನ್ನೇ. ಆ ಸೂತ್ರ ಎಲ್ಲಿ ಸರಿ, ಎಲ್ಲಿ ಕೊರತೆ ಎಂಬುದನ್ನು ಮುಂದೆ ನೋಡೋಣ.

ಹಾಲನ್ನದ ನಂಬಿಕೆ

ಹಳ್ಳಿಯ ಬೆಕ್ಕು ಹಾಲನ್ನ ಉಂಡೇ ಚೆನ್ನಾಗಿತ್ತು ಎಂದು ಅಜ್ಜಿಯಂದಿರು ಹೇಳುತ್ತಾರೆ. ಹಾಲನ್ನ ಉಂಡದ್ದು ಹೌದು. ಅದರ ನಿಜವಾದ ಊಟ ಮಾತ್ರ ಅಟ್ಟದಲ್ಲಿ, ಕಣಜದ ಬುಡದಲ್ಲಿ, ಹಿತ್ತಲಿನ ಹುಲ್ಲಿನ ಬಣವೆಯಲ್ಲಿ ಓಡಾಡುತ್ತಿತ್ತು. ಹನ್ನೆರಡನೇ ಮಹಡಿಯ ಫ್ಲಾಟಿನಲ್ಲಿ ಕಣಜವಿಲ್ಲ. ಅಲ್ಲಿ ಮೊಸರನ್ನ ಹಾಕಿದರೆ ಮೊಸರನ್ನವಷ್ಟೇ ಊಟ.

ಆಗ ಏನಾಗುತ್ತದೆ? 1975ರಲ್ಲಿ ಕೆ.ಸಿ. ಹೇಯ್ಸ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಹಾಲಿನ ಪ್ರೋಟೀನಾದ ಕೇಸೀನನ್ನೇ ಪ್ರೋಟೀನಿನ ಮೂಲವಾಗಿ ಕೊಟ್ಟು ಬೆಳೆಸಿದ ಬೆಕ್ಕುಗಳ ಕಣ್ಣಿನ ಅಕ್ಷಿಪಟಲ ಕ್ರಮೇಣ ನಾಶವಾಗಿತ್ತು. ಕಾರಣ ಟಾರಿನ್ ಎಂಬ ವಸ್ತುವಿನ ಕೊರತೆ. ನಮ್ಮ ದೇಹ ಬೇರೆ ಅಮೈನೊ ಆಮ್ಲಗಳಿಂದ ಟಾರಿನ್ ತಯಾರಿಸಿಕೊಳ್ಳುತ್ತದೆ. ಬೆಕ್ಕಿಗೆ ಆ ಸಾಮರ್ಥ್ಯ ತೀರಾ ಕಡಿಮೆ. ಅದು ಪ್ರಾಣಿಯ ಸ್ನಾಯುವಿನಿಂದಲೇ ಬರಬೇಕು.

ಕಥೆ ಕಣ್ಣಿಗೆ ಮುಗಿಯಲಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿ ಪಾಲ್ ಪಿಯನ್ ಮತ್ತು ಜೊತೆಗಾರರು 1987ರಲ್ಲಿ ಇನ್ನೊಂದು ಸಂಗತಿ ಹೊರಗೆಡಹಿದರು. ಹೃದಯ ಹಿಗ್ಗಿ, ಬಡಿತದ ಬಲ ಕುಂದಿದ ಬೆಕ್ಕುಗಳ ರಕ್ತದಲ್ಲಿ ಟಾರಿನ್ ಕಡಿಮೆ ಇತ್ತು. ಟಾರಿನ್ ಕೊಟ್ಟಾಗ ಹೃದಯ ಚೇತರಿಸಿಕೊಂಡಿತು. ಆ ಬೆಕ್ಕುಗಳು ತಿನ್ನುತ್ತಿದ್ದದ್ದು ಕಂಪನಿಗಳ ಸಿದ್ಧ ಆಹಾರವನ್ನೇ. ಆ ಬಳಿಕ ಸಿದ್ಧ ಆಹಾರಗಳಲ್ಲಿ ಟಾರಿನ್ ಪ್ರಮಾಣ ಏರಿತು. ಇಂದು ಪ್ಯಾಕೆಟ್ಟಿನ ಹಿಂದೆ ಟಾರಿನ್ ಎಂದು ಮುದ್ರಿಸಿರುವುದರ ಹಿಂದಿನ ಇತಿಹಾಸ ಇದು.

ಟಾರಿನ್ ಒಂದೇ ಅಲ್ಲ. ಕ್ಯಾರೆಟ್ಟಿನ ಕಿತ್ತಳೆ ಬಣ್ಣದಿಂದ ನಾವು ಎ ವಿಟಮಿನ್ ಮಾಡಿಕೊಳ್ಳುತ್ತೇವೆ, ಬೆಕ್ಕು ಮಾಡಿಕೊಳ್ಳಲಾರದು. ಬಿಸಿಲಿಗೆ ಮೈಯೊಡ್ಡಿ ಮಲಗಿದರೂ ಚರ್ಮದಲ್ಲಿ ಸಾಕಷ್ಟು ಡಿ ವಿಟಮಿನ್ ಹುಟ್ಟುವುದಿಲ್ಲ. ಅಡುಗೆ ಎಣ್ಣೆಯಿಂದ ಅರಾಕಿಡೋನಿಕ್ ಆಮ್ಲವೆಂಬ ಅಗತ್ಯ ಕೊಬ್ಬಿನಾಮ್ಲವೂ ಬೇಕಾದಷ್ಟು ದಕ್ಕುವುದಿಲ್ಲ. ಇಲಿ, ಹಕ್ಕಿಗಳ ದೇಹದಲ್ಲಿ ಇವೆಲ್ಲ ಸಿದ್ಧವಾಗಿಯೇ ಸಿಗುತ್ತಿದ್ದಾಗ ಬೆಕ್ಕಿನ ವಂಶ ಅವನ್ನು ತಾನೇ ತಯಾರಿಸುವ ಗೊಡವೆಯನ್ನು ಲಕ್ಷಾಂತರ ವರ್ಷಗಳಲ್ಲಿ ಕಳೆದುಕೊಂಡಿತು. ಅದಕ್ಕೇ ಸಸ್ಯಾಹಾರಿ ಮನೆಯಲ್ಲಿ ಪ್ರೀತಿಯಿಂದ ಬಡಿಸಿದ ಅನ್ನ, ಮೊಸರು, ತರಕಾರಿ ಬೆಕ್ಕಿನ ಪಾಲಿಗೆ ಉಪವಾಸಕ್ಕೆ ಸಮ.

ಎದೆ ಮಾಂಸದ ಗಣಿತ

ಹಾಗಾದರೆ ಮಾಂಸ ಕೊಟ್ಟರಾಯಿತಲ್ಲ? ಇಲ್ಲೇ ವೈಟ್‌ಫೀಲ್ಡಿನ ಬಟ್ಟಲು ಸೋಲುವುದು. 100 ಗ್ರಾಂ ಕೋಳಿಯ ಎದೆ ಮಾಂಸದಲ್ಲಿ ರಂಜಕ ಸುಮಾರು 200 ಮಿಲಿಗ್ರಾಂ, ಕ್ಯಾಲ್ಸಿಯಂ 10 ಮಿಲಿಗ್ರಾಂ ಆಸುಪಾಸು. ಬೆಕ್ಕಿಗೆ ಬೇಕಾದದ್ದು ಕ್ಯಾಲ್ಸಿಯಂ ರಂಜಕಕ್ಕಿಂತ ತುಸು ಹೆಚ್ಚಿರುವ ಆಹಾರ. ನಾಲ್ಕು ಕಿಲೊ ಬೆಕ್ಕೊಂದು ದಿನಕ್ಕೆ 200 ಗ್ರಾಂ ಬೋನ್‌ಲೆಸ್ ತಿಂದರೆ ಸಿಗುವ ಕ್ಯಾಲ್ಸಿಯಂ 20 ಮಿಲಿಗ್ರಾಂ; ಬೇಕಾದದ್ದು 180ರ ಹತ್ತಿರ.

ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಹೃದಯ, ನರಗಳ ಕೆಲಸ ಕೆಡುತ್ತದೆ. ಅದಕ್ಕೆ ಬಿಡದೆ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿ ಹಾರ್ಮೋನ್ ಸುರಿಸಿ ಮೂಳೆಯಿಂದ ಕ್ಯಾಲ್ಸಿಯಂ ಎಳೆಯುತ್ತದೆ. ಮೇಲ್ನೋಟಕ್ಕೆ ಬೆಕ್ಕು ಚೆನ್ನಾಗಿಯೇ ಇರುತ್ತದೆ, ಮೈ ತುಂಬಿರುತ್ತದೆ, ಕೂದಲು ಹೊಳೆಯುತ್ತದೆ. ಒಳಗೆ ಮೂಳೆ ಸವೆಯುತ್ತಿರುತ್ತದೆ. ಬೆಳೆಯುವ ಮರಿಯಲ್ಲಿ ಕೆಲವೇ ವಾರಗಳಲ್ಲಿ ಇದು ಬಯಲಾಗಬಹುದು: ಮರಿ ಕುಂಟುತ್ತದೆ, ಎತ್ತಿಕೊಂಡರೆ ನೋವಿನಿಂದ ಕೂಗುತ್ತದೆ, ಸೋಫಾದಿಂದ ಹಾರಿದ್ದಕ್ಕೇ ಕಾಲು ಮುರಿಯುತ್ತದೆ.

ಈ ಪಾಠ ಹೊಸದೇನಲ್ಲ. ಲಂಡನ್ ಮೃಗಾಲಯದಲ್ಲಿ ಹುಟ್ಟಿದ ಸಿಂಹದ ಮರಿಗಳು ಮೂಳೆ ಬಾಗಿ ಸಾಯುತ್ತಿದ್ದವು. ಅವಕ್ಕೆ ಸಿಗುತ್ತಿದ್ದದ್ದು ಹೆಚ್ಚಾಗಿ ಬರೀ ಮಾಂಸ. 1889ರ ಸುಮಾರಿಗೆ ಜಾನ್ ಬ್ಲಾಂಡ್-ಸಟನ್ ಎಂಬ ಶಸ್ತ್ರವೈದ್ಯ ಪುಡಿ ಮಾಡಿದ ಮೂಳೆ, ಹಾಲು ಮತ್ತು ಕಾಡ್ ಮೀನಿನ ಲಿವರ್ ಎಣ್ಣೆ ಕೊಡಲು ಹೇಳಿದ. ಮರಿಗಳು ಬದುಕಿಕೊಂಡವು. ವಿಟಮಿನ್ ಎಂಬ ಹೆಸರೇ ಇನ್ನೂ ಹುಟ್ಟಿರದ ಕಾಲ ಅದು.

ಮೂಳೆಯ ಬದಲು ಮೊಟ್ಟೆ ಸಿಪ್ಪೆ ಪುಡಿ ಹಾಕುವವರಿದ್ದಾರೆ. ಸಿಪ್ಪೆಯ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಒಂದು ಗ್ರಾಂ ಪುಡಿಯಲ್ಲಿ ಸುಮಾರು 380 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಮಿಕ್ಸಿಯಲ್ಲಿ ನುಣ್ಣಗೆ ಮಾಡಿದರೆ ಆ ಒಂದು ಕೊರತೆ ಮುಚ್ಚುತ್ತದೆ. ಅಯೋಡಿನ್, ಸತು, ಮ್ಯಾಂಗನೀಸ್, ಇ ಮತ್ತು ಡಿ ವಿಟಮಿನ್ನುಗಳ ಕೊರತೆ ಹಾಗೆಯೇ ಉಳಿಯುತ್ತದೆ. 80:10:10ರ ಸೂತ್ರದ ದೌರ್ಬಲ್ಯವೂ ಇದೇ. ಮೂಳೆ ಬೇಕು, ಒಳಾಂಗ ಬೇಕು ಎನ್ನುವಲ್ಲಿ ಅದು ಸರಿ. ಆದರೆ ಇಲಿಯ ಮೈಯಲ್ಲಿ ರಕ್ತ, ಮಿದುಳು, ಥೈರಾಯ್ಡ್, ಚರ್ಮ, ಕರುಳು ಎಲ್ಲ ಇರುತ್ತವೆ. ಅಂಗಡಿಯ ಕೋಳಿ ನಮ್ಮ ಕೈಗೆ ಬರುವಾಗ ಅವುಗಳಲ್ಲಿ ಬಹಳಷ್ಟು ಕಸದ ಬುಟ್ಟಿ ಸೇರಿರುತ್ತವೆ.

ಲಿವರ್ ಅಗ್ಗ, ಬೆಕ್ಕಿಗೂ ಇಷ್ಟ ಎಂದು ದಿನಾ ಅದನ್ನೇ ಹಾಕುವುದೂ ತಪ್ಪು. ಎ ವಿಟಮಿನ್ ದೇಹದಲ್ಲಿ ಶೇಖರವಾಗಿ ಕತ್ತಿನ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಬೆಕ್ಕಿಗೆ ಕತ್ತು ತಿರುಗಿಸಿ ಮೈ ನೆಕ್ಕಿಕೊಳ್ಳುವುದೂ ಆಗುವುದಿಲ್ಲ. ಕೆಲವು ಜಾತಿಯ ಹಸಿ ಮೀನುಗಳಲ್ಲಿ ಬಿ1 ವಿಟಮಿನ್ನನ್ನು ನಾಶ ಮಾಡುವ ಕಿಣ್ವವಿದೆ. ನಿತ್ಯ ಅದನ್ನೇ ತಿಂದ ಬೆಕ್ಕು ತೂರಾಡುತ್ತದೆ, ಫಿಟ್ಸ್ ಬರುತ್ತದೆ.

ಹಸಿಯ ಅಪಾಯ

ಕೋಳಿ ಅಂಗಡಿಯ ಮರದ ಕೊರಡಿನ ಮೇಲೆ ಒಂದೇ ಕತ್ತಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕೋಳಿ ಕಡಿಯುತ್ತಾರೆ. ಅದೇ ನೀರು, ಅದೇ ಬಟ್ಟೆ. ಮನುಷ್ಯರು ಆ ಮಾಂಸವನ್ನು ಬೇಯಿಸಿ ತಿನ್ನುತ್ತಾರೆ ಎಂಬ ಭರವಸೆಯ ಮೇಲೆ ನಡೆಯುವ ವ್ಯವಸ್ಥೆ ಅದು. ಹಸಿಯಾಗಿ ಬಟ್ಟಲಿಗೆ ಬಿದ್ದಾಗ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್‌ಗಳೂ ಜೊತೆಗೆ ಬರಬಹುದು. ಬೆಕ್ಕು ಆರೋಗ್ಯವಾಗಿದ್ದಂತೆ ಕಂಡರೂ ಮಲದ ಮೂಲಕ ಆ ರೋಗಾಣುಗಳನ್ನು ಹೊರಹಾಕುತ್ತದೆ. ಮನೆಯಲ್ಲಿ ಅಂಬೆಗಾಲಿಡುವ ಮಗು, ವಯಸ್ಸಾದ ಅಪ್ಪ ಅಮ್ಮ ಇದ್ದರೆ ಇದು ಬೆಕ್ಕಿನ ವಿಷಯವಾಗಿ ಉಳಿಯುವುದಿಲ್ಲ. ಹಸಿ ಮಾಂಸದಿಂದ ಬೆಕ್ಕಿಗೆ ಬರುವ ಟಾಕ್ಸೊಪ್ಲಾಸ್ಮಾ ಪರಾವಲಂಬಿ ಗರ್ಭಿಣಿಯರಿಗೆ ಅಪಾಯ.

ಈಗ ಇನ್ನೊಂದು ಕಾರಣವೂ ಸೇರಿದೆ. ಪೀಣ್ಯದಿಂದ ಸ್ವಲ್ಪವೇ ದೂರದ ಹೆಸರಘಟ್ಟದ ಕೇಂದ್ರೀಯ ಕುಕ್ಕುಟ ಕೇಂದ್ರದಲ್ಲಿ 2012ರ ಅಕ್ಟೋಬರ್‌ನಲ್ಲಿ ಎಚ್5ಎನ್1 ಹಕ್ಕಿಜ್ವರ ಕಾಣಿಸಿಕೊಂಡಿತ್ತು. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳ ಕೋಳಿಗಳಲ್ಲಿ ಹಕ್ಕಿಜ್ವರ ದೃಢಪಟ್ಟಿತು. ಅದೇ ಸುಮಾರಿಗೆ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಸಾಕು ಬೆಕ್ಕುಗಳಿಗೇ ಎಚ್5ಎನ್1 ತಗುಲಿತ್ತು. ಅಮೆರಿಕದ ಒರೆಗಾನ್‌ನಲ್ಲಿ 2024ರ ಡಿಸೆಂಬರ್‌ನಲ್ಲಿ, ಮನೆಯಿಂದ ಹೊರಗೇ ಹೋಗದ ಬೆಕ್ಕೊಂದು ಫ್ರೀಜ್ ಮಾಡಿದ ಹಸಿ ಟರ್ಕಿ ಮಾಂಸದ ಆಹಾರ ತಿಂದು ಈ ರೋಗದಿಂದ ಸತ್ತಿತು. ಫ್ರೀಜರಿನ ಚಳಿ ಈ ವೈರಸ್ಸನ್ನು ಕೊಲ್ಲುವುದಿಲ್ಲ. ಚೆನ್ನಾಗಿ ಬೇಯಿಸಿದರೆ ಅದು ಸಾಯುತ್ತದೆ.

ಏನು ಮಾಡಬೇಕು

ನಮ್ಮ ಊರಿನ ಪರಿಸ್ಥಿತಿಯಲ್ಲಿ ನನ್ನ ತೀರ್ಮಾನ ಸ್ಪಷ್ಟ: ಹಸಿ ಮಾಂಸ ಬೇಡ. ದಿನದ ಊಟಕ್ಕೆ ಪ್ಯಾಕೆಟ್ಟಿನ ಮೇಲೆ 'ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್' ಎಂದಿರುವ, ಮರಿಗೆ ಮರಿಯದು, ದೊಡ್ಡದಕ್ಕೆ ದೊಡ್ಡದರದು ಎಂದು ಆರಿಸಿದ ಆಹಾರವೇ ಆಧಾರವಾಗಿರಲಿ. 'ಕಾಂಪ್ಲಿಮೆಂಟರಿ' ಎಂದು ಬರೆದ ಕ್ರೀಮಿ ಟ್ರೀಟ್‌ಗಳು, ಬರೀ ಮೀನಿನ ತುಂಡಿನ ಡಬ್ಬಿಗಳು ಆಗೊಮ್ಮೆ ಈಗೊಮ್ಮೆ ಕೊಡುವ ರುಚಿ ಮಾತ್ರ. ಒಣ ಕಾಳಿನ ಆಹಾರದಲ್ಲಿ ನೀರಿನಂಶ ಶೇ 10ರಷ್ಟು, ಬೇಟೆಯಲ್ಲಿ ಶೇ 70ರಷ್ಟು. ಹಾಗಾಗಿ ಒಣ ಆಹಾರದ ಜೊತೆ ಒದ್ದೆ ಆಹಾರವೂ, ಎರಡು ಮೂರು ಕಡೆ ಇಟ್ಟ ಶುದ್ಧ ನೀರೂ ಇರಲಿ.

ಮಾಂಸ ಕೊಡಲೇಬೇಕೆನಿಸಿದರೆ ಉಪ್ಪು, ಮಸಾಲೆ ಹಾಕದೆ ಬೇಯಿಸಿ. ಎದೆಗಿಂತ ಲೆಗ್ ಪೀಸ್ ಮತ್ತು ಹೃದಯದಲ್ಲಿ ಟಾರಿನ್ ಹೆಚ್ಚು. ಬೇಯುವಾಗ ಟಾರಿನ್ ನೀರಿಗೆ ಇಳಿಯುತ್ತದೆ, ಆದ್ದರಿಂದ ನೀರು ಕಡಿಮೆ ಹಾಕಿ, ಆ ನೀರನ್ನು ಚೆಲ್ಲದೆ ಜೊತೆಗೇ ಕೊಡಿ. ಬೆಂದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ, ಅದನ್ನು ಎಂದೂ ಹಾಕಬೇಡಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ. ನಮ್ಮ ಚಿಕನ್ ಸಾರಿನ ತುಂಡು ತೊಳೆದು ಕೊಟ್ಟರೂ ಸರಿಯಲ್ಲ.

ಮನೆಯಲ್ಲೇ ಪೂರ್ತಿ ಊಟ ತಯಾರಿಸುವ ಮನಸ್ಸಿದ್ದರೆ ಪಶುವೈದ್ಯರಿಂದ ಪಾಕವಿಧಾನ ಬರೆಸಿಕೊಂಡು, ಗ್ರಾಂ ತಕ್ಕಡಿಯಲ್ಲಿ ತೂಗಿಯೇ ಮಾಡಿ. ಹೆಬ್ಬಾಳದಲ್ಲಿ 1958ರಿಂದ ಇರುವ ಸರ್ಕಾರಿ ಪಶುವೈದ್ಯಕೀಯ ಕಾಲೇಜಿನಲ್ಲೂ ವಿಚಾರಿಸಬಹುದು. ನಿಮ್ಮ ಮರಿ ಈಗಾಗಲೇ ಕೆಲವು ವಾರಗಳಿಂದ ಬರೀ ಬೋನ್‌ಲೆಸ್ ತಿನ್ನುತ್ತಿದ್ದರೆ, ಕುಂಟುವವರೆಗೆ ಕಾಯದೆ ಈ ವಾರವೇ ಒಮ್ಮೆ ತೋರಿಸಿ. ಸವೆದ ಮೂಳೆ ಸಕಾಲಕ್ಕೆ ಸರಿಯಾದ ಆಹಾರ ಸಿಕ್ಕರೆ ಮತ್ತೆ ಗಟ್ಟಿಯಾಗುತ್ತದೆ. ಬಾಗಿಲು ಹಾಕಿದ ಫ್ಲಾಟಿನಲ್ಲಿ ಬೆಕ್ಕಿಗೆ ಬೇಟೆಯಾಡುವ ದಾರಿಯಿಲ್ಲ. ಅದರ ಊಟದ ಲೆಕ್ಕ ಸರಿಯಿರುವಂತೆ ನೋಡಿಕೊಳ್ಳುವುದು ಸಾಕಿದವರ ಕರ್ತವ್ಯ.