ಚಹಾ ಅಂಗಡಿಯ ಗಣಕ, ಅದನ್ನು ಕಟ್ಟಿದ ತಂಡ

ನಿಮ್ಮ ಶಾಲೆ ಅಥವಾ ಕಾಲೇಜಿನ ಕಚೇರಿಗೆ ಮೊದಲ ಸಲ ಗಣಕ ಬಂದ ದಿನಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಆ ಕೆಲಸಕ್ಕೆ ಒಂದು ಸಮಿತಿ ಇದ್ದಿರಬೇಕು. ಅದರಲ್ಲಿ ಯಾರು ಯಾರು ಇದ್ದರು? ಪ್ರಾಂಶುಪಾಲರು, ಗಣಕ ಮಾರುವ ಅಂಗಡಿಯವರು, ಜೊತೆಗೆ 'ಗಣಕ ಗೊತ್ತಿರುವ' ಒಬ್ಬ ಅಧ್ಯಾಪಕರು. ಅಂಥ ಒಂದು ಸಮಿತಿಯಲ್ಲಿ ಆ ಅಧ್ಯಾಪಕ ನಾನೇ ಆಗಿದ್ದೆ. ಭೌತವಿಜ್ಞಾನದವನಾದ್ದರಿಂದ ಗೊತ್ತಿರಲೇಬೇಕು ಎಂಬುದು ಎಲ್ಲರ ನಂಬಿಕೆ. ಶುಲ್ಕದ ರಿಜಿಸ್ಟರನ್ನು ಗಣಕಕ್ಕೆ ಏರಿಸಿದೆವು. ಆದರೆ ಇಪ್ಪತ್ತು ವರ್ಷ ಆ ರಿಜಿಸ್ಟರ್ ಬರೆದಿದ್ದ ಗುಮಾಸ್ತೆಯನ್ನು ಸಮಿತಿಗೆ ಕರೆಯಬೇಕೆಂದು ನಮಗೆ ಹೊಳೆಯಲೇ ಇಲ್ಲ. ಕಂತಿನಲ್ಲಿ ಶುಲ್ಕ ಕಟ್ಟುವ ಮಕ್ಕಳಿಗೆ ನಮ್ಮ ತಂತ್ರಾಂಶದಲ್ಲಿ ಜಾಗವೇ ಇರಲಿಲ್ಲ. ಪರಿಣಾಮವಾಗಿ ಮೂರು ವರ್ಷ ಆಕೆ ಗಣಕದಲ್ಲೂ ಬರೆದರು, ಹಳೆಯ ರಿಜಿಸ್ಟರಿನಲ್ಲೂ ಬರೆದರು.

ಈಗ ಎಲ್ಲ ಕಂಪನಿಗಳ ಬಾಯಲ್ಲೂ 'ಡಿಜಿಟಲ್ ಪರಿವರ್ತನೆ' ಎಂಬ ಮಾತು ಕೇಳಿಬರುತ್ತಿದೆ. ಮಾತು ಹೊಸದು, ಸಮಸ್ಯೆ ಹಳೆಯದು. ಕಚೇರಿ ಕೆಲಸವನ್ನು ವಿದ್ಯುನ್ಮಾನ ಗಣಕಕ್ಕೆ ವಹಿಸಿಕೊಟ್ಟ ಜಗತ್ತಿನ ಮೊದಲ ವ್ಯಾಪಾರಿ ಸಂಸ್ಥೆ ಯಾವುದು ಗೊತ್ತೇ? ಬ್ಯಾಂಕ್ ಅಲ್ಲ, ವಿಮಾ ಕಂಪನಿಯೂ ಅಲ್ಲ. ಲಂಡನ್ನಿನಲ್ಲಿ ಚಹಾ, ಕೇಕು, ಬ್ರೆಡ್ಡು ಮಾರುತ್ತಿದ್ದ ಜೆ. ಲಯನ್ಸ್ ಅಂಡ್ ಕಂಪನಿ. ಅದರ ಗಣಕದ ಹೆಸರು ಲಿಯೋ, ಅಂದರೆ 'ಲಯನ್ಸ್ ಎಲೆಕ್ಟ್ರಾನಿಕ್ ಆಫೀಸ್' ಎಂಬುದರ ಮೊದಲಕ್ಷರಗಳು. ಅಂಥ ಕಂಪನಿ ಈ ಕೆಲಸಕ್ಕೆ ಯಾರನ್ನು ಒಟ್ಟುಗೂಡಿಸಿತು ಎಂಬುದು ಯಂತ್ರದಷ್ಟೇ ಕುತೂಹಲಕರವಾದ ಸಂಗತಿ.

ಲಯನ್ಸ್‌ನ ಮೊದಲ ಚಹಾ ಅಂಗಡಿ ತೆರೆದದ್ದು 1894ರಲ್ಲಿ, ಪಿಕಡಿಲಿಯಲ್ಲಿ. ಮುಂದೆ ಇಂಥ ಅಂಗಡಿಗಳು ಇನ್ನೂರರ ಆಚೆಗೆ ಬೆಳೆದವು. ಒಂದು ಲೋಟ ಚಹಾ, ಒಂದು ಬನ್ನಿನ ವ್ಯಾಪಾರದಲ್ಲಿ ಸಿಗುವ ಲಾಭ ತೀರಾ ಕಡಿಮೆ. ಆದರೆ ಪ್ರತಿ ಬನ್ನಿಗೂ ಲೆಕ್ಕ ಇಡಲೇಬೇಕು. ಆದ್ದರಿಂದ ಈ ಕಂಪನಿಗೆ ಲೆಕ್ಕದ ಖರ್ಚೇ ದೊಡ್ಡ ತಲೆನೋವು. 1923ರಲ್ಲಿ ಅದು ಜಾನ್ ಸಿಮನ್ಸ್ ಎಂಬ ಯುವಕನನ್ನು ಕೆಲಸಕ್ಕೆ ತೆಗೆದುಕೊಂಡಿತು. ಆತ ಕೇಂಬ್ರಿಜ್‌ನಲ್ಲಿ ಗಣಿತ ಓದಿ ರ್‍ಯಾಂಗ್ಲರ್ ಆಗಿದ್ದವನು. ಬೇಕರಿ ಕಂಪನಿಗೆ ರ್‍ಯಾಂಗ್ಲರ್ ಯಾಕೆ ಎಂದು ಆಗ ಹಲವರು ನಕ್ಕಿರಬಹುದು! ಯಾವ ಕಾಗದ ಯಾರ ಮೇಜಿನಿಂದ ಯಾರ ಮೇಜಿಗೆ ಹೋಗುತ್ತದೆ, ಅದು ಅಲ್ಲಿಗೆ ಹೋಗಲೇಬೇಕೆ ಎಂದು ಪರೀಕ್ಷಿಸುವುದಕ್ಕೆಂದೇ ಸಿಮನ್ಸ್ ಕಂಪನಿಯೊಳಗೆ ಒಂದು ವಿಭಾಗ ಕಟ್ಟಿದರು. ಗಣಕ ಎಂಬ ಪದ ಕೇಳುವ ಎಷ್ಟೋ ವರ್ಷ ಮೊದಲೇ ಲಯನ್ಸ್ ತನ್ನ ಕೆಲಸವನ್ನು ತಾನೇ ಅರ್ಥಮಾಡಿಕೊಂಡಿತ್ತು ಎಂಬುದನ್ನು ಗಮನಿಸಿ.

1947ರಲ್ಲಿ ಕಂಪನಿ ಥಾಮ್ಸನ್ ಮತ್ತು ಸ್ಟ್ಯಾಂಡಿಂಗ್‌ಫರ್ಡ್ ಎಂಬ ಇಬ್ಬರು ಅಧಿಕಾರಿಗಳನ್ನು ಅಮೆರಿಕಕ್ಕೆ ಕಳುಹಿಸಿತು. ಯುದ್ಧಕಾಲದಲ್ಲಿ ಅಲ್ಲಿನ ಕಚೇರಿಗಳಲ್ಲಿ ಏನೇನು ಹೊಸ ವಿಧಾನಗಳು ಬಂದಿವೆ ಎಂದು ನೋಡಿಬರುವುದು ಉದ್ದೇಶ. ಅವರ ಗಮನ ಸೆಳೆದದ್ದು ಫಿರಂಗಿ ಗುಂಡಿನ ಪಥವನ್ನು ಲೆಕ್ಕಹಾಕಲು ಕಟ್ಟಿದ್ದ ಎನಿಯಾಕ್ ಗಣಕದ ಸುದ್ದಿ. ಪ್ರಿನ್ಸ್‌ಟನ್ನಿನಲ್ಲಿ ಹರ್ಮನ್ ಗೋಲ್ಡ್‌ಸ್ಟೈನ್ ಅವರನ್ನು ಭೇಟಿಯಾದಾಗ ತಿಳಿದದ್ದೇನು? ಇಂಥದೇ ಒಂದು ಯಂತ್ರ ಲಂಡನ್ನಿಗೆ ಹತ್ತಿರದ ಕೇಂಬ್ರಿಜ್‌ನಲ್ಲೇ ತಯಾರಾಗುತ್ತಿದೆ, ಅದನ್ನು ಮಾರಿಸ್ ವಿಲ್ಕ್ಸ್ ಕಟ್ಟುತ್ತಿದ್ದಾರೆ! ಊರೆಲ್ಲ ಹುಡುಕಿ ಹಿತ್ತಲಲ್ಲಿ ಸಿಕ್ಕಂತಾಯಿತು.

ಮುಂದೆ ಲಯನ್ಸ್ ಮಾಡಿದ ಕೆಲಸ ನನಗೆ ತುಂಬ ಮೆಚ್ಚುಗೆಯಾದದ್ದು. ವಿಲ್ಕ್ಸ್ ಅವರ ಎಡ್‌ಸ್ಯಾಕ್ ಯೋಜನೆಗೆ ಅದು ಸುಮಾರು 3,000 ಪೌಂಡ್ ಕೊಟ್ಟಿತು. ಹಣದ ಜೊತೆಗೆ ಅರ್ನೆಸ್ಟ್ ಲೆನಾರ್ಟ್ಸ್ ಎಂಬ ತನ್ನ ನೌಕರನನ್ನೂ ಕೇಂಬ್ರಿಜ್‌ಗೆ ಕಳುಹಿಸಿತು. ಯುದ್ಧಕಾಲದಲ್ಲಿ ವಾಯುಪಡೆಯಲ್ಲಿದ್ದು ಆ ವಿದ್ಯೆಯ ಪರಿಚಯ ಮಾಡಿಕೊಂಡಿದ್ದ ಆತ ಎಡ್‌ಸ್ಯಾಕ್ ಜೋಡಿಸುವುದರಲ್ಲಿ ಕೈಗೂಡಿಸಿದ. ಅಂದರೆ ಕಂಪನಿ ಯಂತ್ರವನ್ನು ಕೊಳ್ಳುವ ಮುನ್ನ, ಯಂತ್ರದ ಒಳಗು ಬಲ್ಲ ಒಬ್ಬ ತನ್ನವನನ್ನು ತಯಾರು ಮಾಡಿತು. ಎಡ್‌ಸ್ಯಾಕ್ ತನ್ನ ಮೊದಲ ಪ್ರೋಗ್ರಾಮನ್ನು 1949ರ ಮೇ 6ರಂದು ಓಡಿಸಿತು. ಅದು ಕೆಲಸ ಮಾಡುತ್ತದೆ ಎಂದು ಖಚಿತವಾದ ಮೇಲೆಯೇ ಲಯನ್ಸ್ ತನ್ನದೇ ಗಣಕವನ್ನು ಕಟ್ಟಲು ಪೂರ್ಣವಾಗಿ ತೊಡಗಿತು.

ಕಟ್ಟುವ ಮುಖ್ಯಸ್ಥ ಯಾರು? ಇಲ್ಲಿ ಭೌತವಿಜ್ಞಾನದ ವಿದ್ಯಾರ್ಥಿಗಳು ಸ್ವಲ್ಪ ನಿಂತು ನೋಡಬೇಕು. 1949ರಲ್ಲಿ ಈ ಹೊಣೆ ಹೊತ್ತವರು ಜಾನ್ ಪಿಂಕರ್ಟನ್. ಯುದ್ಧಕಾಲದಲ್ಲಿ ರೇಡಾರ್ ಸಂಶೋಧನೆ ಮಾಡಿದ್ದವರು. ನಂತರ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ದ್ರವಗಳು ಶ್ರವಣಾತೀತ ತರಂಗಗಳನ್ನು ಹೇಗೆ ಹೀರಿಕೊಳ್ಳುತ್ತವೆ ಎಂಬುದರ ಮೇಲೆ ಡಾಕ್ಟರೇಟಿಗೆ ಕೆಲಸ ಮಾಡಿದವರು. ಬೇಕರಿಗೂ ಶ್ರವಣಾತೀತ ತರಂಗಕ್ಕೂ ಏನು ಸಂಬಂಧ? ಸಂಬಂಧ ಇದ್ದದ್ದು ಗಣಕದ ಸ್ಮೃತಿಯಲ್ಲಿ.

ಆಗ ಸಿಲಿಕಾನ್ ಚಿಪ್ ಇರಲಿಲ್ಲ. ಸಂಖ್ಯೆಗಳನ್ನು ಕೂಡಿಡಲು ಪಾದರಸ ತುಂಬಿದ ಉಕ್ಕಿನ ಕೊಳವೆಗಳನ್ನು ಬಳಸುತ್ತಿದ್ದರು. ಕೊಳವೆಯ ಒಂದು ತುದಿಯ ಸ್ಫಟಿಕ ಫಲಕ ವಿದ್ಯುತ್ ಮಿಡಿತವನ್ನು ಶಬ್ದದ ಮಿಡಿತವಾಗಿಸುತ್ತದೆ. ಶಬ್ದ ಪಾದರಸದಲ್ಲಿ ಸೆಕೆಂಡಿಗೆ ಸುಮಾರು 1,450 ಮೀಟರ್ ವೇಗದಲ್ಲಿ ಸಾಗಿ ಇನ್ನೊಂದು ತುದಿ ಮುಟ್ಟುತ್ತದೆ. ಅಲ್ಲಿನ ಸ್ಫಟಿಕ ಅದನ್ನು ಮತ್ತೆ ವಿದ್ಯುತ್ತಾಗಿಸಿದಾಗ ವರ್ಧಿಸಿ ಮೊದಲ ತುದಿಗೆ ಮರಳಿಸುತ್ತಾರೆ. ಹೀಗೆ ಮಿಡಿತಗಳು ಸುತ್ತುತ್ತಲೇ ಇದ್ದರೆ ಸಂಖ್ಯೆ ಉಳಿದಿರುತ್ತದೆ. ಒಂದೂವರೆ ಮೀಟರ್ ಕೊಳವೆ ಎಂದಿಟ್ಟುಕೊಂಡರೆ ಒಂದು ಸುತ್ತಿಗೆ ಸುಮಾರು 1 ಮಿಲಿಸೆಕೆಂಡ್. ಸೆಕೆಂಡಿಗೆ 5 ಲಕ್ಷ ಮಿಡಿತ ಕಳುಹಿಸಿದರೆ ಕೊಳವೆಯೊಳಗೆ ಏಕಕಾಲಕ್ಕೆ ಸುಮಾರು 500 ಮಿಡಿತಗಳಿರುತ್ತವೆ. ಕಲಿಸುವವರು ಈ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಬಹುದು.

ವಿಷಕಾರಿಯೂ ದುಬಾರಿಯೂ ಆದ ಪಾದರಸವೇ ಏಕೆ, ನೀರು ಸಾಲದೇ? ಮಾಧ್ಯಮದ ಸಾಂದ್ರತೆಯನ್ನು ಅದರಲ್ಲಿನ ಶಬ್ದವೇಗದಿಂದ ಗುಣಿಸಿ. ಬರುವುದು ಧ್ವನಿ ಪ್ರತಿರೋಧ. ಎಸ್‌ಐ ಮಾನದಲ್ಲಿ ಸ್ಫಟಿಕಕ್ಕೆ ಇದು ಸುಮಾರು 1.5 ಕೋಟಿ, ಪಾದರಸಕ್ಕೆ ಸುಮಾರು 2 ಕೋಟಿ, ನೀರಿಗೆ ಬರೀ 15 ಲಕ್ಷ. ಎರಡು ಮಾಧ್ಯಮಗಳ ಪ್ರತಿರೋಧ ಹತ್ತಿರವಿದ್ದಷ್ಟೂ ಶಬ್ದ ಸಲೀಸಾಗಿ ದಾಟುತ್ತದೆ. ಸ್ಫಟಿಕದಿಂದ ನೀರಿಗೆ ಹೋಗುವಾಗ ಮೂರರಲ್ಲಿ ಎರಡು ಪಾಲು ಶಕ್ತಿ ಗಡಿಯಲ್ಲೇ ಹಿಂದಿರುಗುತ್ತದೆ. ಪಾದರಸಕ್ಕೆ ಹೋಗುವಾಗ ಹಿಂದಿರುಗುವುದು ನೂರಕ್ಕೆ ಎರಡರಷ್ಟು ಮಾತ್ರ. ಇಂಥ ವಿಷಯಗಳಲ್ಲೇ ಮುಳುಗಿದ್ದವರು ಪಿಂಕರ್ಟನ್. ಕಂಪನಿ ಆರಿಸಿದ ಪರಿಣತ 'ಗಣಕ ಗೊತ್ತಿರುವ' ಯಾರೋ ಒಬ್ಬರಲ್ಲ, ಆ ಯಂತ್ರದ ಅತ್ಯಂತ ತಾಪತ್ರಯದ ಭಾಗವನ್ನು ಬುಡದಿಂದ ಬಲ್ಲವರು.

ಆದರೆ ಪಿಂಕರ್ಟನ್ ಒಬ್ಬರೇ ಇದ್ದಿದ್ದರೆ ಲಯನ್ಸ್‌ಗೆ ಎಡ್‌ಸ್ಯಾಕ್‌ನ ಇನ್ನೊಂದು ಪ್ರತಿ ಸಿಗುತ್ತಿತ್ತು, ಅಷ್ಟೆ. ವಿಜ್ಞಾನಿಯ ಲೆಕ್ಕಕ್ಕೂ ಕಚೇರಿಯ ಲೆಕ್ಕಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ವಿಜ್ಞಾನಿ ನಾಲ್ಕಾರು ಸಂಖ್ಯೆ ಕೊಟ್ಟು ಗಂಟೆಗಟ್ಟಲೆ ಲೆಕ್ಕ ಮಾಡಿಸುತ್ತಾನೆ. ಸಂಬಳದ ಪಟ್ಟಿಯಲ್ಲಿ ಲೆಕ್ಕ ಕ್ಷುಲ್ಲಕ. ಕೂಡು, ಕಳೆ, ತೆರಿಗೆ ಹಿಡಿ, ಮುಗಿಯಿತು. ಆದರೆ ಒಳಗೆ ಹೋಗಬೇಕಾದ, ಹೊರಗೆ ಬರಬೇಕಾದ ಮಾಹಿತಿ ರಾಶಿರಾಶಿ. ಯಂತ್ರ ಎಷ್ಟೇ ವೇಗದ್ದಾದರೂ ಕಾರ್ಡು ಓದುವುದಕ್ಕೆ ಕಾಯುತ್ತ ಕೂತರೆ ಏನು ಫಲ? ಇದನ್ನು ಕಂಡವರು ಕಚೇರಿಯ ಕಡೆಯವರು. ಅದಕ್ಕೆ ಉತ್ತರವಾಗಿ ಪಿಂಕರ್ಟನ್ ಏಕಕಾಲಕ್ಕೆ ಹಲವು ಕಡೆಯಿಂದ ಮಾಹಿತಿ ಒಳಬರುವ, ಹೊರಹೋಗುವ ವ್ಯವಸ್ಥೆ ರೂಪಿಸಿದರು. ಕಾವಲಿಯ ಮೇಲೆ ಒಂದು ದೋಸೆ ಬೇಯುತ್ತಿರುವಾಗಲೇ ಪಕ್ಕದಲ್ಲಿ ಮುಂದಿನದಕ್ಕೆ ಹಿಟ್ಟು ಸಿದ್ಧವಿರುವಂತೆ, ಒಂದು ಲೆಕ್ಕ ನಡೆಯುತ್ತಿರುವಾಗಲೇ ಮುಂದಿನ ಮಾಹಿತಿ ಬಂದು ಕಾದಿರುತ್ತಿತ್ತು. ಲಿಯೋದ ಸ್ಮೃತಿಯೂ ಎಡ್‌ಸ್ಯಾಕ್‌ನದಕ್ಕಿಂತ ನಾಲ್ಕು ಪಟ್ಟು ದೊಡ್ಡದು: 2,048 ಪದಗಳು, ಪ್ರತಿ ಪದಕ್ಕೆ 35 ಬಿಟ್. ಇಂದಿನ ಲೆಕ್ಕದಲ್ಲಿ 9 ಕಿಲೋಬೈಟಿಗೂ ಕಡಿಮೆ!

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದಲ್ಲ. ಮಾಹಿತಿಯನ್ನು ಕಾಂತಪಟ್ಟಿಯ ಮೂಲಕ ಒಳಗೆ ಕಳುಹಿಸುವ ಉಪಕರಣವನ್ನು ಹೊರಗಿನ ಕಂಪನಿಯೊಂದಕ್ಕೆ ವಹಿಸಿದ್ದರು. ಅದು ಸರಿಯಾಗಿ ಕೆಲಸ ಮಾಡದೆ ಬಹಳ ಕಾಲ ಹಾಳಾಯಿತು. ಕೊನೆಗೆ ರಂಧ್ರ ಕೊರೆದ ಕಾರ್ಡು ಮತ್ತು ಕಾಗದದ ಪಟ್ಟಿಗೇ ಮರಳಿದರು.

ಇನ್ನು ಪ್ರೋಗ್ರಾಮ್ ಬರೆಯುವವರು. ಆಗ ಪ್ರೋಗ್ರಾಮರ್ ಎಂಬ ವೃತ್ತಿಯೇ ಇರಲಿಲ್ಲವಾದ್ದರಿಂದ ಜಾಹೀರಾತು ಕೊಟ್ಟು ಕರೆಯುವಂತಿರಲಿಲ್ಲ. ಈ ಅಭಾವವೇ ಲಯನ್ಸ್‌ಗೆ ವರವಾಯಿತು ಎನ್ನುತ್ತೇನೆ. ಅದು ತನ್ನ ಕಚೇರಿಯೊಳಗೇ ಹುಡುಕಿತು. ಡೆರೆಕ್ ಹೆಮಿ, ಲಿಯೋ ಫ್ಯಾಂಟಲ್, ಜಾನ್ ಗ್ರೋವರ್ ಮೊದಲಾದವರು ಹೀಗೆ ಬಂದವರು. ಇವರ ಮುಖ್ಯಸ್ಥ ಡೇವಿಡ್ ಕಾಮಿನರ್ 1936ರಲ್ಲಿ ತರಬೇತಿಗೆಂದು ಕಂಪನಿ ಸೇರಿದವರು, ಕಚೇರಿಯ ಪದ್ಧತಿಗಳನ್ನು ಪರಿಶೀಲಿಸುವ ವಿಭಾಗದಲ್ಲಿ ಪಳಗಿದವರು, ಯುದ್ಧದಲ್ಲಿ ಕಾಲು ಕಳೆದುಕೊಂಡಿದ್ದವರು. ಬನ್ನು ಬೇಕರಿಯಿಂದ ಹೊರಟು ಗಿರಾಕಿಯ ತಟ್ಟೆ ಸೇರುವವರೆಗೆ ಎಲ್ಲೆಲ್ಲಿ ಚೀಟಿ ಹುಟ್ಟುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಇಂದು ನಾವು ವ್ಯವಸ್ಥಾ ವಿಶ್ಲೇಷಣೆ ಎನ್ನುವ ಕೆಲಸ ಒಂದು ವೃತ್ತಿಯಾಗಿ ಆರಂಭವಾದದ್ದು ಅವರ ಮೇಜಿನಿಂದಲೇ ಎನ್ನಬಹುದು.

ಹೆಚ್ಚು ಜನ ಬೇಕಾದಾಗ ಕಂಪನಿ ನೌಕರರಿಗೇ ಒಂದು ಪರಿಚಯ ಶಿಬಿರ ನಡೆಸಿತು. ಹಗಲು ಪಾಠ, ಸಂಜೆ ಅಭ್ಯಾಸದ ಲೆಕ್ಕ. ಯಾರು ಏನು ಓದಿದ್ದಾರೆ ಎನ್ನುವುದಕ್ಕಿಂತ ಯಾರು ಹೆಜ್ಜೆ ಹೆಜ್ಜೆಯಾಗಿ ಯೋಚಿಸುತ್ತಾರೆ ಎಂಬುದು ಮುಖ್ಯವಾಗಿತ್ತು. 1952ರಲ್ಲಿ ಹೀಗೆ ಆಯ್ಕೆಯಾದವರಲ್ಲಿ ಮೇರಿ ಬ್ಲಡ್ ಒಬ್ಬರು. ಮದುವೆಯ ನಂತರ ಮೇರಿ ಕೂಂಬ್ಸ್. ಓದಿದ್ದು ಫ್ರೆಂಚ್ ಭಾಷೆ. ವ್ಯಾಪಾರಿ ಗಣಕಕ್ಕೆ ಪ್ರೋಗ್ರಾಮ್ ಬರೆದ ಮೊದಲ ಮಹಿಳೆ ಎಂದು ಅವರನ್ನು ಗುರುತಿಸುತ್ತಾರೆ. ಅದೇ ಕಾಲದಲ್ಲಿ ಸೇರಿದ ಫ್ರ್ಯಾಂಕ್ ಲ್ಯಾಂಡ್ ಓದಿದ್ದು ಅರ್ಥಶಾಸ್ತ್ರ.

ತಂಡದ ಇನ್ನೊಂದು ಗುಣವನ್ನು ಹೇಳಲೇಬೇಕು. ಒಬ್ಬರು ಬರೆದ ಪ್ರೋಗ್ರಾಮನ್ನು ಇನ್ನೊಬ್ಬರು ಸಾಲು ಸಾಲಾಗಿ ಪರಿಶೀಲಿಸದೆ ಯಂತ್ರಕ್ಕೆ ಕೊಡುವಂತಿರಲಿಲ್ಲ. ಇದರಲ್ಲಿ ಕಾಮಿನರ್ ಬಹು ಕಟ್ಟುನಿಟ್ಟು. ಲಿಯೋದಲ್ಲಿ ಸುಮಾರು 6,000 ನಿರ್ವಾತ ನಳಿಕೆಗಳಿದ್ದವು. ಯಾವುದು ಯಾವಾಗ ಕೈಕೊಡುತ್ತದೆ ಹೇಳಲಾಗದು. ಆದ್ದರಿಂದ ಮಧ್ಯೆ ಮಧ್ಯೆ ಮೊತ್ತಗಳನ್ನು ತಾಳೆ ನೋಡುವ, ನಿಂತಲ್ಲಿಂದ ಮುಂದುವರಿಸುವ ಏರ್ಪಾಡನ್ನು ಪ್ರೋಗ್ರಾಮಿನಲ್ಲೇ ಸೇರಿಸುತ್ತಿದ್ದರು. ಜಮಾಖರ್ಚು ಬಲ್ಲವರಿಗೆ ತಾಳೆ ನೋಡುವುದು ರಕ್ತಗತ ಅಲ್ಲವೇ?

ಮೊದಲ ಕೆಲಸವಾಗಿ ಸಂಬಳವನ್ನು ಆರಿಸಲಿಲ್ಲ ಎಂಬುದು ಜಾಣತನ. 1951ರ ನವೆಂಬರ್ ಕೊನೆಯಲ್ಲಿ ಲಿಯೋ ಕೈಗೆತ್ತಿಕೊಂಡದ್ದು ಬೇಕರಿಗಳ ವಾರದ ಉತ್ಪನ್ನದ ಮೌಲ್ಯಮಾಪನ. ಮಾಹಿತಿ ಕಡಿಮೆ, ಒಂದು ದಿನ ತಡವಾದರೂ ಯಾರೂ ಉಪವಾಸ ಬೀಳುವುದಿಲ್ಲ. ಸಂಬಳ ಹಾಗಲ್ಲ. ಅದನ್ನು ಗುಮಾಸ್ತರ ಲೆಕ್ಕದ ಜೊತೆಜೊತೆಗೇ ಓಡಿಸಿ ತಾಳೆ ನೋಡಿದ ಮೇಲೆ, 1954ರ ಆರಂಭದ ಹೊತ್ತಿಗೆ ಲಿಯೋಗೆ ಬಿಟ್ಟುಕೊಟ್ಟರು. ಅನುಭವಿ ಗುಮಾಸ್ತ ಒಬ್ಬ ನೌಕರನ ಸಂಬಳಕ್ಕೆ 8 ನಿಮಿಷ ತೆಗೆದುಕೊಂಡರೆ ಲಿಯೋಗೆ ಬೇಕಾದದ್ದು ಒಂದೂವರೆ ಸೆಕೆಂಡ್. ಹತ್ತು ಸಾವಿರ ನೌಕರರು ಎಂದಿಟ್ಟುಕೊಳ್ಳಿ. ಗುಮಾಸ್ತರಿಗೆ 1,333 ಗಂಟೆ, ಯಂತ್ರಕ್ಕೆ ನಾಲ್ಕು ಗಂಟೆಗೆ ಸ್ವಲ್ಪ ಹೆಚ್ಚು.

ನನಗೆ ಅತಿ ಸೊಗಸಾಗಿ ಕಾಣುವುದು ಚಹಾ ಅಂಗಡಿಗಳ ಬೇಡಿಕೆಯ ಕೆಲಸ. ನಾಳೆಗೆ ಏನೇನು ಬೇಕೆಂದು ಪ್ರತಿ ಅಂಗಡಿಯೂ ಇಡೀ ಪಟ್ಟಿ ಕಳುಹಿಸಿದರೆ ಅದನ್ನು ಯಂತ್ರಕ್ಕೆ ತುಂಬುವುದರಲ್ಲೇ ರಾತ್ರಿ ಕಳೆಯುತ್ತದೆ. ಆದರೆ ಮಂಗಳವಾರದ ಬೇಡಿಕೆ ಹಿಂದಿನ ಮಂಗಳವಾರದಂತೆಯೇ ಇರುತ್ತದೆ ಎಂದು ಅಂಗಡಿಯವರಿಗೆ ಗೊತ್ತು. ಹಾಗಾಗಿ ಮಾಮೂಲಿ ಪಟ್ಟಿ ಮೊದಲೇ ಕಾರ್ಡುಗಳಲ್ಲಿ ಸಿದ್ಧವಿರುತ್ತಿತ್ತು. ಅಂಗಡಿಯ ಮೇಲ್ವಿಚಾರಕಿ ಮಧ್ಯಾಹ್ನ ಫೋನಿನಲ್ಲಿ ಬದಲಾವಣೆಯನ್ನಷ್ಟೇ ತಿಳಿಸಿದರೆ ಸಾಕು, ಕೇಳಿಸಿಕೊಂಡವರು ಅಲ್ಲಿಯೇ ಕಾರ್ಡು ಕೊರೆಯುತ್ತಿದ್ದರು. ರಾತ್ರಿಯ ತಯಾರಿ, ವ್ಯಾನಿಗೆ ತುಂಬುವ ಕ್ರಮ, ಬಿಲ್ಲು ಎಲ್ಲವೂ ಅದರಿಂದ ಹೊರಡುತ್ತಿದ್ದವು. ಅಂಗಡಿಯ ದಿನಚರಿ ತಿಳಿಯದವರಿಗೆ ಈ ಉಪಾಯ ಹೊಳೆಯುವುದು ಕಷ್ಟ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1954ರಲ್ಲಿ ಲಿಯೋ ಕಂಪ್ಯೂಟರ್ಸ್ ಎಂಬ ಪ್ರತ್ಯೇಕ ಕಂಪನಿಯೇ ಹುಟ್ಟಿ ಇತರರಿಗೂ ಗಣಕಗಳನ್ನು ಮಾರಿತು. 1963ರಲ್ಲಿ ಅದು ಇಂಗ್ಲಿಷ್ ಎಲೆಕ್ಟ್ರಿಕ್‌ನ ಗಣಕ ವಿಭಾಗದೊಂದಿಗೆ ಸೇರಿತು, 1968ರಲ್ಲಿ ಐಸಿಎಲ್‌ನಲ್ಲಿ ಲೀನವಾಯಿತು. ತನ್ನ ಕಚೇರಿಯನ್ನು ಅಷ್ಟು ಚೆನ್ನಾಗಿ ಅರಿತಿದ್ದ ತಂಡಕ್ಕೆ ಬೇರೆಯವರ ಕಚೇರಿಗೆ ಮಾರುವ ಕಲೆಯೂ ಅದಕ್ಕೆ ಬೇಕಾದ ಬಂಡವಾಳವೂ ಸಾಕಾಗಲಿಲ್ಲವೆಂದು ನನ್ನ ಊಹೆ. ಮೊದಲ ಲಿಯೋ ಯಂತ್ರವನ್ನು 1965ರಲ್ಲಿ ನಿಲ್ಲಿಸಿದರು. ಫ್ರ್ಯಾಂಕ್ ಲ್ಯಾಂಡ್ ಮುಂದೆ ಮಾಹಿತಿ ವ್ಯವಸ್ಥೆಗಳ ಪ್ರಾಧ್ಯಾಪಕರಾದರು.

ನಮ್ಮ ಕಾಲೇಜಿನ ಮಾತಿಗೆ ಬಂದರೆ, ಮೂರು ವರ್ಷದ ನಂತರ ಹೊಸ ತಂತ್ರಾಂಶ ಬರೆಸುವಾಗ ಆ ಗುಮಾಸ್ತೆಯನ್ನೂ ಸಭೆಗೆ ಕರೆದೆವು. ತಂತ್ರಾಂಶ ಬರೆಯಲು ಬಂದಿದ್ದ ಹುಡುಗ ಪರದೆಯ ಮೇಲೆ ಮೊದಲ ಪುಟ ತೋರಿಸಿದ. ಆಕೆ ಸ್ವಲ್ಪ ಹೊತ್ತು ನೋಡಿ, ತಮ್ಮ ಹಳೆಯ ರಿಜಿಸ್ಟರನ್ನು ಅವನ ಮುಂದೆ ತೆರೆದಿಟ್ಟು ಕೇಳಿದರು: "ಕಂತಿನಲ್ಲಿ ಕಟ್ಟೋರನ್ನ ಇದರಲ್ಲಿ ಎಲ್ಲಿ ಬರೀಬೇಕಪ್ಪ?"